ತಾಂಬೂಲದ ತಟ್ಟೆಯಲ್ಲಿ ಲಾರಿ ಕೀ

ಆ ಬೇಸಿಗೆಯಲ್ಲಿ ಡೀಸೆಲ್ಲಿಗೂ ಬರ ಬಂದಿತ್ತು, ಲಾರಿ ಓಡಿಸುವವರಿಗೂ ಬರ ಬಂದಿತ್ತು. ಇದ್ದಬದ್ದ ಹುಡುಗರೆಲ್ಲ ದೇವನಹಳ್ಳಿ ಕಡೆ ಹೋಗಿ ಏರ್‌ಪೋರ್ಟ್ ಕ್ಯಾಬ್ ಹಿಡಿದು ಎಸಿಯಲ್ಲಿ ಕೂತಿದ್ದರು. ಹೆವಿ ಲೈಸೆನ್ಸ್ ಇರುವ ಗಂಡಸು ಯಾವ ಊರಲ್ಲಿದ್ದಾನೆ ಅಂತ ಲಾರಿ ಓನರುಗಳು ವಾಸನೆ ಹಿಡಿದು ಬರುತ್ತಿದ್ದರು. ಸಾಸಲಿನ ಕೆಂಪರಾಜು ಹಳೇ ಓನರಿಗೆ ಇನ್ನು ಬರಲ್ಲ ಅಂದು ಮನೆಗೆ ಬಂದಿದ್ದೇ ತಡ, ಮನೆ ಮುಂದೆ ಬೈಕುಗಳು ಸಾಲುಗಟ್ಟಿದವು. ಒಬ್ಬ ಹೊಸ ಫೋನ್ ಕೊಡಿಸುತ್ತೇನೆ ಅಂದ. ಇನ್ನೊಬ್ಬ ಕೇಳದೆಯೇ ಅಮ್ಮನಿಗೆ ಮಿಕ್ಸಿ ತಂದು ಜಗಲಿಯ ಮೇಲಿಟ್ಟು ಹೋದ. ಅದನ್ನು ವಾಪಸು ಕಳಿಸುವಷ್ಟರಲ್ಲಿ ಕೆಂಪರಾಜುವಿಗೆ ಸಾಕುಸಾಕಾಯಿತು.

ಡ್ರೈವರಾಗಿ ಇಷ್ಟು ಬೇಡಿಕೆಯಿದ್ದವನು ಮದುವೆ ಗಂಡಾಗಿ ಮಾತ್ರ ಯಾರಿಗೂ ಬೇಡವಾಗಿದ್ದ. ಲಾರಿ ಡ್ರೈವರಿಗೆ ಹೆಣ್ಣು ಕೊಡುವುದಿಲ್ಲ ಅನ್ನುವವರು ಕಾಫಿ ಕುಡಿಯುವವರೆಗೂ ಸುಮ್ಮನಿದ್ದು ಲೋಟ ಕೆಳಗಿಟ್ಟ ಮೇಲೆ ಹೇಳುತ್ತಿದ್ದರು. ಅವನ ತಾಯಿ ನಾರಾಯಣಮ್ಮ ಹೆಣ್ಣು ಹುಡುಕಲು ಶುರುಮಾಡಿದಾಗ ನಮ್ಮ ಜನವೇ ಆಗಬೇಕು, ಜಮೀನಿರಬೇಕು, ಹುಡುಗಿ ಡಿಗ್ರಿ ಮಾಡಿರಬೇಕು ಅಂತೆಲ್ಲ ಷರತ್ತಿತ್ತು. ವರ್ಷ ಕಳೆದಂತೆ ಅವೆಲ್ಲ ಒಂದೊಂದಾಗಿ ಉದುರಿ, ಈಗ ಮುದ್ದೆ ತಿರುವಲು ಬಂದರೆ ಸಾಕು ಅನ್ನುವಲ್ಲಿಗೆ ಬಂದು ನಿಂತಿತ್ತು.

ಅಂಥ ಮನೆಗೆ ಒಂದು ಶುಕ್ರವಾರ ಬೆಳಿಗ್ಗೆ ದೊಡ್ಡಬಳ್ಳಾಪುರದ ಆದಿನಾರಾಯಣಪ್ಪನವರು ಮಗಳು ವಾಣಿಶ್ರೀಯನ್ನು ಕರೆದುಕೊಂಡು ಬಂದರು. ನೇಯ್ಗೆಯ ಮನೆತನ. ಮಗ್ಗಗಳ ಜೊತೆಗೆ ಒಂದು ಹಳೇ ಲಾರಿ ಇಟ್ಟುಕೊಂಡು ಊರಿನ ಸೀರೆ ಬೇಲುಗಳನ್ನು ದಾವಣಗೆರೆ, ಹುಬ್ಬಳ್ಳಿಗೆ ಸಾಗಿಸುತ್ತಿದ್ದರು. ಅವರದೊಂದು ಪದ್ಧತಿ: ಹೊಸ ಡ್ರೈವರಿಗೆ ಗಾಡಿಯ ಕೀಯನ್ನು ಬರಿಗೈಯಲ್ಲಿ ಕೊಡುವುದಿಲ್ಲ. ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ಹೂವು ಇಟ್ಟು, ಅದರ ಮಧ್ಯೆ ಕೀ ಇಟ್ಟು ಕೊಡುವುದು. ಕೆಲಸ ಬಿಡುವ ಡ್ರೈವರೂ ಹಾಗೆಯೇ ತಟ್ಟೆಯಲ್ಲಿಟ್ಟು ವಾಪಸು ಕೊಡಬೇಕು.

ಕೆಂಪರಾಜು ಹಿತ್ತಲಲ್ಲಿ ತಲೆತುಂಬ ಸೋಪು ಹಚ್ಚಿಕೊಂಡು ಕೂತಿದ್ದ. ಬಾಗಿಲಿಗೆ ಬಂದ ನಾರಾಯಣಮ್ಮನ ಕಣ್ಣಿಗೆ ಬಿದ್ದಿದ್ದು ಬಿಳಿ ಪಂಚೆಯ ಗೌರವಸ್ಥ ತಂದೆ, ಪಕ್ಕದಲ್ಲಿ ಹಸಿರು ರೇಷ್ಮೆ ಸೀರೆಯ ಮಗಳು, ಅವಳ ಕೈಯಲ್ಲಿ ತಾಂಬೂಲದ ತಟ್ಟೆ. ಕೀ ಮಲ್ಲಿಗೆ ಹೂವಿನ ಕೆಳಗೆ ಮುಚ್ಚಿಹೋಗಿತ್ತು. ಡ್ರೈವರನ್ನು ಕೇಳಿಕೊಂಡು ಬರುವವರು ಕೈಯಲ್ಲಿ ಹೆಲ್ಮೆಟ್ ಹಿಡಿದು ಬರುತ್ತಿದ್ದರೇ ಹೊರತು ತಟ್ಟೆ ಹಿಡಿದಲ್ಲ, ಮಗಳನ್ನು ಕರೆದುಕೊಂಡಂತೂ ಅಲ್ಲವೇ ಅಲ್ಲ. ನಾರಾಯಣಮ್ಮನಿಗೆ ಇನ್ನೇನೂ ವಿಚಾರಿಸಬೇಕು ಅನ್ನಿಸಲಿಲ್ಲ. ತಟ್ಟೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ದೇವರ ಮುಂದಿಟ್ಟು, ಕೇಸರಿಬಾತಿಗೆ ರವೆ ಹುರಿಯಲು ಕೂತಳು.

ಕೆಂಪರಾಜು ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಬಂದವರು ಕೇಸರಿಬಾತು ತಿಂದು ಮುಗಿಸಿ ಹೊರಗೆ ಹುಣಸೆಮರದ ಕೆಳಗೆ ನಿಂತಿದ್ದರು. ಕೆಲಸದ ಮಾತು ಅಲ್ಲೇ ನಡೆಯಿತು. ಮಾತಾಡಿದ್ದೆಲ್ಲ ವಾಣಿಶ್ರೀ. ಲಾರಿ ವ್ಯವಹಾರ ನೋಡಿಕೊಳ್ಳುವುದು ಅವಳೇ ಅಂತ ತಂದೆ ಮೊದಲೇ ಹೇಳಿದ್ದರು. ಬೇರೆ ಓನರುಗಳ ಹಾಗೆ ಅವಳು ಗಾಡಿಯನ್ನು ಹೊಗಳಲಿಲ್ಲ. ಟೈರು ಸವೆದಿದೆ, ಮಳೆ ಬಂದರೆ ಕ್ಯಾಬಿನ್ನು ಸೋರುತ್ತದೆ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಸೆಕೆಂಡ್ ಗೇರ್ ಬೇಗ ಬೀಳಲ್ಲ," ಅಂದಳು. "ಸ್ವಲ್ಪ ಬಯ್ಯಬೇಕು."

"ಏನಂತ ಬಯ್ಯಬೇಕು ಮೇಡಂ?"

"ಹಳೇ ಡ್ರೈವರ್ ಬಯ್ತಿದ್ದಿದ್ದು ನಂಗೆ ಗೊತ್ತು. ಹೇಳೋಕಾಗಲ್ಲ. ನೀವೇ ಕಂಡ್ಕೊಳ್ಳಿ."

ಹೇಳುವಾಗ ಅವಳ ಬಾಯಿ ಗಂಭೀರವಾಗಿಯೇ ಇತ್ತು. ಎಡಗಡೆಯ ಹುಬ್ಬು ಮಾತ್ರ ಒಂಚೂರು ಮೇಲೆ ಹೋಯಿತು. ಅದು ಕೆಳಗಿಳಿಯುವ ಮುಂಚೆಯೇ ಕೆಂಪರಾಜು ಕೆಲಸ ಒಪ್ಪಿಕೊಂಡುಬಿಟ್ಟಿದ್ದ. ಸಂಬಳ ಎಷ್ಟು ಅಂತ ಕೇಳುವುದಕ್ಕೂ ಮರೆತ.

ಆದಿನಾರಾಯಣಪ್ಪನವರು ಕೀ ಎಲ್ಲಿ ಅಂತ ಹುಡುಕಿದರು. ವಾಣಿಶ್ರೀ ಒಳಗೆ ಹೋದಳು, ಹೋದವಳು ಸ್ವಲ್ಪ ತಡವಾಗಿಯೇ ಬಂದು ಕೀ ಕೊಟ್ಟಳು. ಅವಳ ಕೆನ್ನೆ ಕೆಂಪಾಗಿತ್ತು. ಅಡಿಗೆಮನೆಯ ಶಾಖ ಇರಬೇಕು ಅಂದುಕೊಂಡ ಕೆಂಪರಾಜು.

ಅವರನ್ನು ಬೀಳ್ಕೊಟ್ಟು ಒಳಗೆ ಬಂದರೆ ಅಮ್ಮ ಆಗಲೇ ಕುಂದಾಣದ ತಂಗಿಗೆ ಫೋನ್ ಹಚ್ಚಿದ್ದಳು.

"ಹೆಣ್ಣಿನ ಕಡೆಯೋರೇ ಮನೆಗಂಟ ಬಂದವ್ರೆ ಕಣೆ. ನೇಯೋರಾದ್ರೆ ಏನಂತೆ, ಅವರೇನು ಅನ್ನ ತಿನ್ನಲ್ವಾ? ಹೋಗೋ ಮುಂಚೆ ಆ ಮಗು ದೇವರ ಗೂಡಿನ ಮುಂದೆ ಬಗ್ಗಿ ಹೂವ ಮುಟ್ಟಿ ಹೋಯ್ತು. ಈ ಕಾಲದಲ್ಲಿ ಯಾರು ಹಂಗ್ ಮಾಡ್ತಾರೆ ಹೇಳು."

ಹೂವಿನೊಳಗೆ ಕೈಹಾಕಿ ಅವಳು ತೆಗೆದಿದ್ದು ಲಾರಿಯ ಕೀ ಅಂತ ಆಗಲೇ ಹೇಳಬೇಕಿತ್ತು. ಕೆಂಪರಾಜು ಬಾಯಿ ತೆರೆದ. ಅಮ್ಮ ಕಂಬ ಹಿಡಿದುಕೊಂಡು ಅಳುತ್ತಾ ನಗುತ್ತಿದ್ದಳು. ಬಾಯಿ ಮುಚ್ಚಿಕೊಂಡ. ಸಂಜೆ ಹೇಳೋಣ ಅಂದುಕೊಂಡರೆ, ಸಂಜೆಗೆ ಅಕ್ಕಪಕ್ಕದವರು ಬಂದು ತಟ್ಟೆಯ ಬಾಳೆಹಣ್ಣು ತಿಂದು ಹುಡುಗಿ ಯಾವ ಊರು ಅಂತ ವಿಚಾರಿಸುತ್ತಿದ್ದರು. ನಿಜ ಹೇಳಬೇಕೆಂದರೆ ಅಮ್ಮ ಅಂದುಕೊಂಡದ್ದು ಸುಳ್ಳಾಗುವುದು ಅವನಿಗೇ ಬೇಡವಾಗಿತ್ತು. ಆದರೆ ವಾಣಿಶ್ರೀಗೆ ಇದು ತಿಳಿದರೆ? ಕೆಲಸಕ್ಕೆ ಕರೆದರೆ ಮದುವೆಗೇ ಗಂಟುಬಿದ್ದ ಅಂದುಕೊಳ್ಳುತ್ತಾಳೆ. ಆಮೇಲೆ ಆ ಹುಬ್ಬು ಅವನ ಕಡೆ ಏಳುವುದೇ ಇಲ್ಲ. ಅದನ್ನು ನೆನೆದೇ ಅವನಿಗೆ ಊಟ ಸೇರಲಿಲ್ಲ.

ಕೆಲಸ ಶುರುವಾಯಿತು. ಕೆಲಸ ಅಂದರೆ ಮುಕ್ಕಾಲು ಪಾಲು ಕಾಯುವುದು. ನೆಲಮಂಗಲ ರಸ್ತೆಯ ಒಂದು ಬಂಕಿನಲ್ಲಷ್ಟೇ ಲಾರಿಗಳಿಗೆ ಡೀಸೆಲ್ ಸಿಗುತ್ತಿತ್ತು, ಅದೂ ಗಾಡಿಗೆ ಇಷ್ಟೇ ಅಂತ. ಹುಬ್ಬಳ್ಳಿಗೆ ಹೋಗಿ ಬರುವುದಕ್ಕಿಂತ ಬಂಕಿಗೆ ಹೋಗಿ ಬರುವುದೇ ದೊಡ್ಡ ಟ್ರಿಪ್ಪಾಗಿತ್ತು. ಡ್ರೈವರುಗಳು ಲಾರಿಯ ಕನ್ನಡಿಯಲ್ಲಿ ಗಡ್ಡ ಹೆರೆದುಕೊಳ್ಳುತ್ತ, ಬಕೆಟಿನಲ್ಲಿ ಬಟ್ಟೆ ಒಗೆದು ಹಗ್ಗಕ್ಕೆ ಹಾಕುತ್ತ, ಚಾಸಿ ಕೆಳಗೆ ಚಾಪೆ ಹಾಸಿ ಮಲಗುತ್ತ ಅಲ್ಲೇ ಸಂಸಾರ ಹೂಡಿದ್ದರು.

ಆ ಸಾಲಿನಲ್ಲಿ ದೊಡ್ಡ ಭಯವೊಂದಿತ್ತು. ಬೇರೆ ಓನರುಗಳು ಕಡಲೆಕಾಯಿ ಮಾರುವವರ ಹಾಗೆ ಒಂದೊಂದು ಲಾರಿಯ ಕಿಟಕಿಗೂ ಬಂದು ಡ್ರೈವರುಗಳನ್ನು ಕರೆಯುತ್ತಿದ್ದರು. ಬೆಳಿಗ್ಗೆ ಇದ್ದ ಡ್ರೈವರ್ ಮಧ್ಯಾಹ್ನಕ್ಕೆ ಇನ್ನೊಂದು ಲಾರಿಯಲ್ಲಿರುತ್ತಿದ್ದ. ಹಾಗಾಗಿ ವಾಣಿಶ್ರೀ ದಿನಾ ಊಟದ ಕ್ಯಾರಿಯರ್ ಹಿಡಿದು ಸ್ಕೂಟಿಯಲ್ಲಿ ಬಂದು ಕ್ಯಾಬಿನ್ನಿನಲ್ಲಿ ಕಾವಲು ಕೂರುತ್ತಿದ್ದಳು.

"ಲಾರಿ ಕಾಯೋಕ್ ಬಂದ್ರಾ ಮೇಡಂ?"

"ಲಾರಿನ ಯಾರು ಕದೀತಾರೆ, ಡೀಸೆಲ್ಲೇ ಇಲ್ಲ. ಓಡಿಹೋಗೋ ಭಯ ಇರೋದು ಡ್ರೈವರ್ ಸಾಹೇಬ್ರದು."

"ಎಲ್ಲಿಗೆ ಓಡ್ಲಿ? ಸೆಕೆಂಡ್ ಗೇರೇ ಬೀಳಲ್ಲ."

ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಆದರೆ ಅತ್ತ ಕಡೆಯ ಕನ್ನಡಿಯಲ್ಲಿ ಅವಳು ನಗು ತಡೆದುಕೊಳ್ಳುವುದು ಕಾಣುತ್ತಿತ್ತು. ಲಾರಿಗೆ ಇಷ್ಟು ದೊಡ್ಡ ಕನ್ನಡಿ ಇಟ್ಟವನಿಗೆ ಕೆಂಪರಾಜು ಮನಸ್ಸಿನಲ್ಲೇ ಕೈ ಮುಗಿದ.

ಮೊದಮೊದಲು ಕ್ಯಾರಿಯರಿನಲ್ಲಿ ಚಿತ್ರಾನ್ನ ಬರುತ್ತಿತ್ತು. ಒಂದು ದಿನ ಇದ್ದಕ್ಕಿದ್ದಂತೆ ಮುದ್ದೆ ಬಂತು. ಮುರಿದರೆ ಒಳಗೆಲ್ಲ ಗಂಟು, ಗಂಟು ಒಡೆದರೆ ಹಸಿ ಹಿಟ್ಟು. ಹೆಂಗಿದೆ ಅಂತ ಕೇಳಿದಳು. ಕೆಂಪರಾಜು ಚೆನ್ನಾಗಿದೆ ಅಂದು ಒಂದು ಚೊಂಬು ನೀರು ಕುಡಿದು ನುಂಗಿದ. ಮಾರನೆಯ ದಿನವೂ ಮುದ್ದೆ, ಅದರ ಮಾರನೆಯ ದಿನವೂ ಮುದ್ದೆ. ಅವರ ಮನೆಯಲ್ಲಿ ಅಕ್ಕಿ ಮುಗಿದಿರಬೇಕು ಅಂದುಕೊಂಡ.

ಅಂಥ ಒಂದು ಮುದ್ದೆಯ ಜೊತೆ ಅವನು ಒದ್ದಾಡುತ್ತಿರುವಾಗಲೇ ಹೊಸಕೋಟೆಯ ಬೈರಣ್ಣ ಕಿಟಕಿಗೆ ಬಂದ. ಅವನದು ಹೊಸ ಲಾರಿ, ಎಸಿ ಕ್ಯಾಬಿನ್ನು, ಭಾನುವಾರ ರಜ. ಇದೇ ಕೊನೆ ಸಲ ಕೇಳ್ತಿದೀನಿ ಅಂದ. ಕೆಂಪರಾಜು ಬರಲ್ಲ ಅಂದ.

"ಇಲ್ಲಿ ಅಂಥದ್ದೇನ್ ಕೊಡ್ತಾರಯ್ಯಾ ನಿಂಗೆ?"

"ಮುದ್ದೆ," ಅಂದ ಕೆಂಪರಾಜು.

ಬೈರಣ್ಣ ತಟ್ಟೆಯಲ್ಲಿದ್ದ ಮುದ್ದೆಯನ್ನು ನೋಡಿದ, ಕೆಂಪರಾಜುವನ್ನು ನೋಡಿದ, ಬಿಸಿಲು ತಲೆಗೆ ಹತ್ತಿದೆ ಅಂದುಕೊಂಡು ಮುಂದಿನ ಲಾರಿಗೆ ಹೋದ. ವಾಣಿಶ್ರೀ ಮತ್ತೆ ಕಿಟಕಿಯ ಕಡೆ ತಿರುಗಿಕೊಂಡಳು. ಕನ್ನಡಿಯಲ್ಲಿ ಅವಳ ಕಿವಿ ಕೆಂಪಾಗಿದ್ದು ಮಾತ್ರ ಕಂಡಿತು.

ಇತ್ತ ನಾರಾಯಣಮ್ಮ ಮಗ ಊರಿಗೆ ಬಂದಾಗಲೆಲ್ಲ ಸೊಸೆಗೆ ಅಂತ ಏನಾದರೊಂದು ಕೊಟ್ಟು ಕಳಿಸುತ್ತಿದ್ದಳು. ಹಸಿರು ಬಳೆ, ಕುಂಕುಮದ ಭರಣಿ, ರವಿಕೆ ಕಣ. ಅವನ್ನು ಹೇಗೆ ಕೊಡುವುದು ಅಂತ ತಿಳಿಯದೆ ಕೆಂಪರಾಜು ಲಾರಿಯ ಟೂಲ್ ಬಾಕ್ಸಿನಲ್ಲಿ ತುಂಬುತ್ತಿದ್ದ. ಪಾನಾ ತೆಗೆಯಲು ಹೋದರೆ ಬಳೆ ಘಲ್ ಅನ್ನುತ್ತಿತ್ತು. ಬೀಗರ ಮನೆಗೆ ಮರುತಾಂಬೂಲ ಒಯ್ಯಬೇಕು ಅಂತ ಅಮ್ಮ ಬೇರೆ ವರಾತ ಹಿಡಿದಿದ್ದಳು. ಅವರು ಊರಲ್ಲಿಲ್ಲ, ಅವರಿಗೆ ಪುರುಸೊತ್ತಿಲ್ಲ ಅಂತ ಅವನು ತಳ್ಳುತ್ತಾ ಬಂದ. ಕೊನೆಗೆ ಅಮ್ಮನಿಗೆ ತಾಳ್ಮೆ ಮುಗಿಯಿತು.

ಆ ದಿನ ಆದಿನಾರಾಯಣಪ್ಪನವರೂ ಮಗಳ ಜೊತೆ ಕ್ಯೂ ನೋಡಲು ಬಂದಿದ್ದರು. ಬಂಕು ಕೊನೆಗೂ ಕಣ್ಣಿಗೆ ಕಾಣುತ್ತಿತ್ತು. ಆಗ ಕನ್ನಡಿಯಲ್ಲಿ ಕೆಂಪರಾಜು ನೋಡಿದ್ದು ಮದುವೆಮನೆಗೆ ಉಡುವ ಸೀರೆಯುಟ್ಟು, ಕೈಯಲ್ಲಿ ತಟ್ಟೆ ಹಿಡಿದು, ಲಾರಿ ಲಾರಿಯನ್ನೂ ವಿಚಾರಿಸುತ್ತ ಬರುತ್ತಿದ್ದ ತನ್ನ ಅಮ್ಮನನ್ನು. ದೊಡ್ಡಬಳ್ಳಾಪುರದ ಮನೆಗೆ ಹೋಗಿ, ಎಲ್ಲರೂ ಬಂಕಿನ ಹತ್ತಿರ ಇದ್ದಾರೆ ಅಂತ ತಿಳಿದು ಬಂದಿದ್ದಳು. ಯಾಕಮ್ಮ ಅಂತ ಕೇಳಿದ ಒಬ್ಬೊಬ್ಬ ಡ್ರೈವರಿಗೂ ವಿಷಯ ಹೇಳಿದ್ದಳು. ಕ್ಯೂನಲ್ಲಿ ಅವರಿಗೂ ಬೇರೆ ಕೆಲಸ ಇರಲಿಲ್ಲ, ಎಲ್ಲ ಹಿಂದೆಯೇ ಬಂದರು.

"ನಮಸ್ಕಾರ ಬೀಗರೇ," ಅಂದಳು ನಾರಾಯಣಮ್ಮ. ಆದಿನಾರಾಯಣಪ್ಪನವರು ಹಿಂದೆ ತಿರುಗಿ, ಬೀಗರು ಯಾರಾದರೂ ಬಂದಿದ್ದಾರೇನೋ ಅಂತ ನೋಡಿದರು. ಅಷ್ಟರಲ್ಲಿ ಆಕೆ ವಾಣಿಶ್ರೀಯ ಕೈ ಹಿಡಿದಾಗಿತ್ತು. "ಯಾಕವ್ವ, ನಾನು ಕಳಿಸ್ಕೊಟ್ಟ ಬಳೆ ಹಿಡಿಸ್ಲಿಲ್ವಾ?"

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಕೆಂಪರಾಜು ಕೆಳಗಿಳಿದು ಟೂಲ್ ಬಾಕ್ಸ್ ತೆರೆದ. ಸ್ಪ್ಯಾನರುಗಳ ನಡುವೆ ಹಸಿರು ಬಳೆ ಗ್ರೀಸು ಮೆತ್ತಿಕೊಂಡು ಕೂತಿತ್ತು.

"ಅಮ್ಮ, ಅವತ್ತು ಇವ್ರು ಬಂದಿದ್ದು ಡ್ರೈವರ್ ಕೇಳೋಕೆ. ಆ ತಟ್ಟೇಲಿ ಲಾರಿ ಕೀ ಇತ್ತು. ನಾನು ಅವತ್ತೇ ಹೇಳ್ಬೇಕಿತ್ತು, ನಾಲಿಗೆ ಏಳಲಿಲ್ಲ. ನಂಗೂ ಹಂಗೇ ಆಗ್ಲಿ ಅಂತ ಆಸೆ ಇತ್ತು."

ನಾರಾಯಣಮ್ಮ ಕೈಯಲ್ಲಿದ್ದ ತಟ್ಟೆಯನ್ನೇ ನೋಡಿದಳು. ಕೆಂಪರಾಜು ಅದನ್ನು ಇಸಿದುಕೊಂಡು, ಜೇಬಿನಿಂದ ಕೀ ತೆಗೆದು ಎಲೆ ಅಡಿಕೆಯ ಮಧ್ಯೆ ಇಟ್ಟು ವಾಣಿಶ್ರೀಯ ಮುಂದೆ ಹಿಡಿದ.

"ಕೀ ಇಟ್ಕೊಂಡು ಕೇಳಿದ್ರೆ, ಡ್ರೈವರ್ ಬಿಟ್ಟೋಗ್ತಾನೆ ಅಂತ ಹೆದರಿ ಹೂಂ ಅಂದ್ಬಿಡ್ತೀರಾ. ಅದಕ್ಕೆ ಮೊದ್ಲು ಕೀ ತಗೊಳ್ಳಿ. ಈಗ ನಾನು ನಿಮ್ಮ ಡ್ರೈವರ್ ಅಲ್ಲ. ನನ್ನ ಮದುವೆ ಆಗ್ತೀರಾ? ಬೇಡ ಅಂದ್ರೂ ಪರವಾಗಿಲ್ಲ, ಸೀಸನ್ ಮುಗಿಯೋಗಂಟ ನಿಮ್ಮ ಸೀರೆ ನಾನೇ ಸಾಗಿಸ್ತೀನಿ."

ವಾಣಿಶ್ರೀ ತಟ್ಟೆ ಮುಟ್ಟಲಿಲ್ಲ. ನಾರಾಯಣಮ್ಮನ ಕಡೆ ತಿರುಗಿದಳು.

"ಅವತ್ತು ಕೀ ತರೋಕೆ ಒಳಗೆ ಬಂದಾಗ ನನ್ನ ಕೆನ್ನೆ ಹಿಡ್ದು, ಮುದ್ದೆ ತಿರುವೋಕೆ ಬರುತ್ತಾ ಮಗ ಅಂತ ಕೇಳಿದ್ರಿ. ಡ್ರೈವರ್ ಕೇಳೋಕೆ ಬಂದೋರನ್ನ ಯಾರು ಅದನ್ನ ಕೇಳ್ತಾರೆ? ನಂಗೆ ಅಲ್ಲೇ ಗೊತ್ತಾಯ್ತು. ಮೊದ್ಲು ಡ್ರೈವರ್ ತಪ್ಪಿಹೋಗ್ತಾರೆ ಅಂತ ಸುಮ್ನಿದ್ದೆ, ಅದು ನಿಜ. ಅವತ್ತು ಮುದ್ದೆ ಬರ್ತಿರ್ಲಿಲ್ಲ. ಈಗ ಬರುತ್ತೆ ಅತ್ತೆ. ನಿಮ್ಮ ಮಗನ್ನೇ ಕೇಳಿ."

ತಾನು ನುಂಗಿದ ಗಂಟುಗಳೆಲ್ಲ ಕೆಂಪರಾಜುವಿಗೆ ಒಟ್ಟಿಗೇ ನೆನಪಾದವು. ನಿನ್ನೆಯ ಮುದ್ದೆಯಲ್ಲಿ ಒಂದು ಗಂಟೂ ಇರಲಿಲ್ಲ ಅನ್ನುವುದೂ ಆಗಲೇ ಹೊಳೆಯಿತು. ಹೌದು ಅಂತ ತಲೆ ಆಡಿಸಿದ.

ಎಲ್ಲರೂ ಆದಿನಾರಾಯಣಪ್ಪನವರ ಮುಖ ನೋಡಿದರು. ಅವರು ಶಲ್ಯ ಸರಿಮಾಡಿಕೊಂಡು ಬಹಳ ಯೋಚನೆ ಮಾಡಿ ಹೇಳಿದರು. "ಮೊದಲು ತಾಂಬೂಲ ಹೋಗಿರೋದು ನಮ್ಮನೆಯಿಂದ. ಅದನ್ನ ವಾಪಸ್ ಕೇಳೋ ಪದ್ಧತಿ ನಮ್ಮಲ್ಲಿಲ್ಲ."

ಹಿಂದಿನ ಲಾರಿಗಳು ಹಾರನ್ ಹೊಡೆಯತೊಡಗಿದವು. ಇವರು ಮಾತಾಡುತ್ತಿದ್ದಾಗ ಮುಂದಿನ ಗಾಡಿಗಳೆಲ್ಲ ಹೋಗಿ, ಬಂಕಿನವರೆಗೂ ರಸ್ತೆ ಖಾಲಿ ಬಿದ್ದಿತ್ತು. ವಾಣಿಶ್ರೀ ತಟ್ಟೆಯಿಂದ ಕೀ ಎತ್ತಿ ಕೆಂಪರಾಜುವಿನ ಕೈಗಿಟ್ಟಳು.

"ತಾಂಬೂಲ ನಂದು. ಕೀ ನಿಮ್ದು. ಬೇಗ ಹತ್ತಿ, ಯಾರಾದ್ರೂ ನುಗ್ಗಿಬಿಡ್ತಾರೆ."

ನಾಲ್ವರೂ ಕ್ಯಾಬಿನ್ನಿಗೆ ಹತ್ತಿದರು. ಲಾರಿ ಹೊರಟಿತು. ಸ್ವಲ್ಪ ದೂರ ಹೋಗಿ ಕೆಂಪರಾಜು ಸೆಕೆಂಡ್ ಗೇರಿಗೆ ಕೈ ಹಾಕಿದ. ಬೀಳಲಿಲ್ಲ. ವಾಣಿಶ್ರೀಯ ಆಚೆಗೆ ಅಮ್ಮ, ಅಮ್ಮನ ಆಚೆಗೆ ಮಾವ, ನಡುವೆ ತಾಂಬೂಲದ ತಟ್ಟೆ. ಇಷ್ಟು ದಿನ ಬಾಯಿತುಂಬ ಬಯ್ಯುತ್ತಿದ್ದವನಿಗೆ ಈಗ ಒಂದು ಬೈಗುಳವೂ ಹೊರಡಲಿಲ್ಲ. ಬೆವರುತ್ತಾ ಗೇರು ಹಿಡಿದು ಕೂತ. ಹಿಂದೆ ಹಾರನ್ ಜೋರಾಯಿತು.

ಪಕ್ಕದಲ್ಲಿ ಒತ್ತಿಕೊಂಡು ಕೂತಿದ್ದ ವಾಣಿಶ್ರೀ ಗೇರಿನ ಕಡೆಗೆ ಬಗ್ಗಿ, ಬಹಳ ಮೆಲ್ಲಗೆ ಏನೋ ಅಂದಳು. ಹಳೇ ಡ್ರೈವರಿನ ಬೈಗುಳವೇ ಇರಬೇಕು, ಕೆಂಪರಾಜುವಿನ ಕಿವಿಯೇ ಬಿಸಿಯಾಯಿತು. ಗೇರು ಬಿತ್ತು.

"ಏನಂದ್ಲೋ ಮಗ?" ಅಂತ ಕೇಳಿದಳು ನಾರಾಯಣಮ್ಮ.

"ಮಂತ್ರ ಕಣಮ್ಮ," ಅಂದ ಕೆಂಪರಾಜು.

ನಾರಾಯಣಮ್ಮ ಭಕ್ತಿಯಿಂದ ಡ್ಯಾಶ್‌ಬೋರ್ಡಿಗೆ ಕೈ ಮುಗಿದಳು. ಅವಳ ಪಕ್ಕದಲ್ಲಿ ಎಡಗಡೆಯ ಹುಬ್ಬೊಂದು ಮೆಲ್ಲಗೆ ಮೇಲೆ ಹೋಯಿತು. ಕೆಂಪರಾಜು ಈ ಸಲ ಅದನ್ನು ನೋಡಲು ಕನ್ನಡಿ ಹುಡುಕಲಿಲ್ಲ.