ಬಸ್ತಾ ದಿನದ ದೋಣಿ

“ಆ ಅರಬಿ ತುದಿ ಹಿಡೀರಿ, ಜಲ್ದಿ.”

ನಿಶ್ಚಯವಾದ ಮೇಲೆ ವಿಶ್ವಾರಾಧ್ಯ ತಾನು ಮದುವೆಯಾಗಲಿರುವ ಹುಡುಗಿಯ ಮುಖ ನೋಡಿ ಆಡಿದ ಮೊದಲ ಮಾತು ಇದು. ಮುಖ ನೋಡಿದ್ದಾದರೂ ಎಷ್ಟು, ಅರೆಗಳಿಗೆ. ಬರ್ರಿ ಇಲ್ಲ, ಕೂಡ್ರಿ ಇಲ್ಲ, ಬಸ್ಸಿನಲ್ಲಿ ಸೀಟು ಸಿಕ್ಕಿತೇ ಎಂದು ಕೇಳುವುದಂತೂ ದೂರದ ಮಾತು. ಅಫಜಲಪುರದಿಂದ ಆಳಂದದವರೆಗೆ ಕಿಟಕಿಗೆ ತಲೆಯಾನಿಸಿ ಭುವನೇಶ್ವರಿ ಬೇರೇನೇನೋ ಊಹಿಸಿಕೊಂಡು ಬಂದಿದ್ದಳು.

ಪಡಸಾಲೆಯ ನಡುವೆ ದೋಣಿ ಬೋರಲಾಗಿ ಮಲಗಿತ್ತು. ಬೆರಳಗಲದ ಹೆಬ್ಬೇವಿನ ಪಟ್ಟಿಗಳನ್ನು ಒಂದರ ಮಗ್ಗುಲಿಗೆ ಒಂದು ಅಂಟಿಸಿ, ಉಜ್ಜಿ ಉಜ್ಜಿ ನುಣುಪು ಮಾಡಿದ ಬೆನ್ನು. ಅದರ ಮೇಲೆ ಬಿಳಿಯ ಫೈಬರ್ ಬಟ್ಟೆ ಹೊದಿಸಿದ್ದರು. ಬಟ್ಟೆಯ ಒಂದು ತುದಿ ಹಾರಿ ಹಾರಿ ಬೀಳುತ್ತಿತ್ತು. ಹುಡುಗನ ಕೈಗೆ ಗ್ಲೌಸು, ಹಣೆಗೆ ಟವೆಲ್ಲು, ಕಣ್ಣಲ್ಲಿ ಗಾಬರಿ.

ಭುವನೇಶ್ವರಿ ಬ್ಯಾಗು ಕೆಳಗಿಟ್ಟು ತುದಿ ಹಿಡಿದಳು. “ಮೊದಲ ಫ್ಯಾನ್ ಆರಿಸ್ರಿ. ಗಾಳಿ ಅಲ್ಲಿಂದ ಬರಾಕತ್ತದ.”

ಅವನು ಫ್ಯಾನು ನೋಡಿದ, ಅವಳನ್ನು ನೋಡಿದ, ಮತ್ತೆ ಫ್ಯಾನು ನೋಡಿದ. “ಹೌದಲ್ರಿ,” ಅಂದ.

ಅವಳಿಗೆ ನಗು ಬಂತು. ತುಟಿ ಕಚ್ಚಿ ತಡೆದಳು. ನಗಲಿಕ್ಕೆ ಅವಳೇನೂ ಬಂದಿರಲಿಲ್ಲ.

ಬಂದದ್ದು ಸೋದರಮಾವ ದೌಲತರಾಯರ ಮಾತು ಹೊತ್ತುಕೊಂಡು. ಈ ಸಂಬಂಧ ತಂದವರೂ ಅವರೇ, ಈಗ ಮುರಿಯಲು ನಿಂತವರೂ ಅವರೇ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಹುಡುಗ, ಒಳ್ಳೆಯ ಮನೆತನ ಎಂದು ಹೊಗಳಿದ್ದೇ ಹೊಗಳಿದ್ದು. ಅಷ್ಟರಲ್ಲಿ ಯಾರೋ ಕಿವಿಯೂದಿದರು. ಮೊಬೈಲಿನಲ್ಲಿ ವಿಡಿಯೋ ನೋಡಿ ಹುಡುಗ ಮನೆಯೊಳಗೇ ದೋಣಿ ಕಟ್ಟುತ್ತಿದ್ದಾನೆ ಎಂದು. “ಕುಡಿಯೋ ನೀರಿಗೇ ಟ್ಯಾಂಕರ್ ಹಾದಿ ಕಾಯೋ ಮಂದಿ ನಡುವ ಇಂವ ದೋಣಿ ಎಲ್ಲಿ ಬಿಡ್ತಾನ, ತನ್ನ ತಲಿಮ್ಯಾಲ?” ಎಂದು ಮಾವ ಕುಣಿದಾಡಿದರು. ಊರವರೂ ನಕ್ಕರು. ನಗುವುದಕ್ಕೆ ಊರವರಿಗೆ ಕಾರಣ ಬೇಕೇ?

ಇವತ್ತು ಬಸ್ತಾ. ಎರಡೂ ಮನೆಯವರು ಕೂಡಿ ಅಂಗಡಿಗೆ ಹೋಗಿ ಮದುವೆಯ ಬಟ್ಟೆ ತೆಗೆಯುವ ದಿನ. ಬಸ್ತಾ ಆಯಿತೆಂದರೆ ಮಾತು ಹಿಂದೆ ತಿರುಗುವಂತಿಲ್ಲ. ಅದಕ್ಕೇ ಮಾವ ಅವಳನ್ನು ಮೊದಲ ಬಸ್ಸಿಗೆ ಹತ್ತಿಸಿದ್ದರು. “ಆ ದೋಣಿ ಒಡದು ಒಲಿಗಿ ಹಾಕ್ತಾನೋ ಇಲ್ಲೋ, ಮುಖದ ಮ್ಯಾಲೆ ಕೇಳು. ಹಾಕ್ತೇನಿ ಅಂದ್ರ ಫೋನ್ ಮಾಡು, ಎಲ್ಲಾರೂ ಜೀಪ್ ತಗೊಂಡು ಬರ್ತೇವಿ. ಇಲ್ಲಂದ್ರ ತಿರುಗಿ ಬಸ್ ಹತ್ತು.”

ಅವಳಿಗೆ ಚುಚ್ಚಿದ್ದು ದೋಣಿಯಲ್ಲ. ನಿಶ್ಚಯವಾದಂದಿನಿಂದ ಫೋನಿನಲ್ಲಿ ಈ ಮನುಷ್ಯ ಮಳೆ, ಬಿಸಿಲು, ಊಟ, ತಿಂಡಿ ಬಿಟ್ಟು ಬೇರೆ ಮಾತಾಡಿರಲಿಲ್ಲ. ತನ್ನ ಮನೆಯ ಪಡಸಾಲೆಯಲ್ಲಿ ಇಷ್ಟುದ್ದದ ಸುದ್ದಿ ಮಲಗಿಸಿಕೊಂಡು ಒಂದು ಶಬ್ದ ಹೇಳಿರಲಿಲ್ಲ. ತಾನು ಕೆಲಸ ಮಾಡುವ ಲ್ಯಾಬಿನಲ್ಲಿ ಮಂದಿಯ ರಕ್ತ ತೆಗೆಯುವಾಗ ಅವಳ ಕೈ ನಡುಗುತ್ತಿರಲಿಲ್ಲ. ಕೆಲಸ ಮುಗಿಸಿ ಕೂತಳೆಂದರೆ ಮಾತ್ರ ಜೀವಕ್ಕೆ ಚಡಪಡಿಕೆ. ಫೋನು ತೆಗೆಯುವುದು, ಇಡುವುದು. ಒಪ್ಪಿಕೊಂಡದ್ದು ಮನುಷ್ಯನನ್ನೋ ಬರೀ ಫೋಟೋವನ್ನೋ ಎಂದು ತನ್ನನ್ನೇ ಕೇಳಿಕೊಳ್ಳುವುದು.

“ಬಕೀಟ್ ನೋಡ್ರಿ,” ಅಂದಳು ತಟ್ಟನೆ.

ಬಟ್ಟೆಯನ್ನು ಮರಕ್ಕೆ ಕೂಡಿಸುವ ರೆಸಿನ್ ಅಂಟು ಕಲಸಿಟ್ಟಿದ್ದ ಬಕೆಟ್ಟಿನಿಂದ ಬಿಳಿ ಹೊಗೆ ಏಳುತ್ತಿತ್ತು. ವಿಶ್ವಾರಾಧ್ಯ ಓಡಿಹೋಗಿ ಅದನ್ನು ಅಂಗಳಕ್ಕೆ ಒಯ್ದಿಟ್ಟ. ನೋಡನೋಡುತ್ತಿದ್ದಂತೆ ಒಳಗಿನದೆಲ್ಲ ಗಟ್ಟಿಯಾಯಿತು. ಕಲಸುವ ಕೋಲು ನಡುವೆ ನೆಟ್ಟಗೆ ನಿಂತೇ ಬಿಟ್ಟಿತು.

ಅಡುಗೆಮನೆಯ ಬಾಗಿಲಲ್ಲಿ ಅವನ ತಾಯಿ ಗುರುಶಾಂತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. “ನಂದೇ ತಪ್ಪವ್ವ. ಇಂವ ನಸಿಕಿನ್ಯಾಗೇ ಎದ್ದು ಎಲ್ಲಾ ಹೊಂದಿಸ್ಕೊಂಡಿದ್ದ. ಹಚ್ಚಾಕ ಶುರು ಮಾಡೂದ್ರಾಗ ಏಳೂವರಿ ಆತು. ಸೋಮವಾರ ಆ ಹೊತ್ತಿಗಿ ರಾಹುಕಾಲ ನೋಡು. ಹೊಸಾ ಕೆಲಸ, ಒಂಬತ್ತರ ತನಕ ತಡಿ ಅಂದೆ.”

“ಗೋಡಿಮ್ಯಾಲ ಬಸವಣ್ಣೋರ ಫೋಟೋ, ಕ್ಯಾಲೆಂಡರಿನಾಗ ರಾಹುಕಾಲ,” ಅಂದ ಮಗ. “ತಂಪೊತ್ತಿನಾಗ ಹಚ್ಚಬೇಕ್ರಿ ಇದು. ಈ ಬಿಸಲಿಗಿ ಕಲಸೂದ್ರಾಗ ಕಲ್ಲಾಗ್ತದ. ಇನ್ನ ಅರ್ಧಾ ಡಬ್ಬಿ ಉಳದದ. ಅದೂ ಹೋದ್ರ ಆತು, ಇಲ್ಲಿಗಿ ಮುಗೀತು.”

ಮಾವ ಹೇಳಿದ ಮಾತು ಈಗಲೇ ಕೇಳಿಬಿಡಬಹುದಿತ್ತು. ದೋಣಿ ತಾನಾಗಿಯೇ ಹಾಳಾಗಲಿ ಎಂದು ಸುಮ್ಮನೆ ನಿಂತಿದ್ದರೂ ಸಾಕಿತ್ತು. ಆದರೆ ಅವನ ಮುಖ ನೋಡಿದವಳು ಬೇರೆಯದನ್ನೇ ಕೇಳಿದಳು.

“ಶೇಂಗಾ ಚಿಕ್ಕಿ ಮಾಡೂಮುಂದ ಪಾಕ ಬೋಗಾಣಿಯಾಗೇ ಬಿಟ್ರ ಏನಾಗ್ತದ್ರಿ?”

“ಗಟ್ಟಿ ಆಗ್ತದ.”

“ಮತ್ತ? ಸ್ವಲ್ಪ ಸ್ವಲ್ಪ ಕಲಸ್ರಿ, ಅಗಲಕ್ಕ ಹಾಕ್ರಿ. ಅತ್ತಿ, ದೊಡ್ಡ ಪರಾತ ಇದ್ರ ಕೊಡ್ರಿ.”

ಅತ್ತಿ ಎಂದದ್ದು ಬಾಯಿ ತಪ್ಪಿ. ಗುರುಶಾಂತಮ್ಮನ ಮುಖ ಅಷ್ಟಗಲವಾಯಿತು. ಹಿಟ್ಟು ನಾದುವ ತಮ್ಮ ತವರಿನ ಪರಾತವನ್ನು ಒಂದು ಸೊಲ್ಲೂ ಎತ್ತದೆ ತಂದುಕೊಟ್ಟರು. ಕಿಟಕಿಗಳಿಗೆ ಹಸಿ ಗೋಣಿಚೀಲ ಕಟ್ಟಿ, ತಾವು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಜಾಣ ಹೆಂಗಸು.

“ಸೆರಗ ಸಿಗಿಸ್ಕೋರಿ,” ಅಂದ ವಿಶ್ವಾರಾಧ್ಯ, ಅವಳ ಕೈಗೆ ಗ್ಲೌಸು ಕೊಡುತ್ತ. “ಒಮ್ಮೆ ಹತ್ತಿದ್ರ ಬಿಡಂಗಿಲ್ಲ ಇದು.”

“ನಿಮ್ಮಂಗ ಅಲ್ಲ ಬಿಡ್ರಿ. ನೀವು ಫೋನ್ ಎತ್ತೂದ್ರಾಗ ಇಟ್ಟುಬಿಡ್ತೀರಿ.”

ಅವನ ಕಿವಿ ಕೆಂಪಾದವು. ಕೆಂಪಾಗುವ ಕಿವಿಗಳು ಫೋಟೋದಲ್ಲಿ ಇರಲಿಲ್ಲ.

ಅವನು ಸುರಿಯುತ್ತ ಹೋದ, ಅವಳು ಪ್ಲಾಸ್ಟಿಕ್ ತುಂಡಿನಿಂದ ಎಳೆಯುತ್ತ ಹೋದಳು. ರೆಸಿನ್ ತಾಕಿದಲ್ಲೆಲ್ಲ ಬಿಳಿ ಬಟ್ಟೆ ಮಾಯವಾಗಿ ಮರದ ಬಣ್ಣ ಮೇಲೆದ್ದು ಬರುತ್ತಿತ್ತು. ತಿಳಿ ಬೆಲ್ಲದ ಬಣ್ಣ, ಅದರೊಳಗೆ ಗೆರೆಗೆರೆ. ಇಷ್ಟು ಚಂದದ್ದೊಂದು ಈ ಮನೆಯಲ್ಲಿ ಅಡಗಿತ್ತೇ ಎಂದು ಅವಳ ಕೈ ತಡೆದು ನಿಂತಿತು.

“ನಿಂದರಬ್ಯಾಡ್ರಿ, ಗಟ್ಟಿ ಆಗ್ತದ.”

“ನೋಡಾಕೂ ಬಿಡಂಗಿಲ್ಲೇನ್ರಿ?”

“ನಾನೂ ನೋಡಾಕತ್ತಿಲ್ಲ, ತಡಕೊಂಡೇನಿ,” ಅಂದ ಅವನು. ಅಂದವನ ಕಣ್ಣು ಮಾತ್ರ ದೋಣಿಯ ಮೇಲೆ ಇರಲಿಲ್ಲ.

ಅವಳು ತಲೆ ತಗ್ಗಿಸಿದಾಗ ಒಂದು ಕೂದಲು ಹಸಿ ರೆಸಿನ್ ಮೇಲೆ ಬಿತ್ತು. ತೆಗೆಯಲು ಹೋದಳು. ಅವನ ಕೈ ಅಡ್ಡ ಬಂತು. ಗ್ಲೌಸಿಗೆ ಗ್ಲೌಸು ತಾಕಿದ್ದು, ಅಷ್ಟೆ. ಮೈತುಂಬ ಸಣ್ಣಗೆ ಬಿಸಿಯಾಯಿತು.

“ಇರ್ಲಿ ಬಿಡ್ರಿ,” ಅಂದ ಮೆಲ್ಲಗೆ.

ಆ ತುದಿಯವರೆಗೆ ಹಚ್ಚಿ ಮುಗಿಸುವಷ್ಟರಲ್ಲಿ ಇಬ್ಬರ ಬೆನ್ನೂ ಬೆವರಿನಿಂದ ತೊಯ್ದಿತ್ತು. ಅಂಗಳದ ನೆರಳಲ್ಲಿ ಅವನು ತಂಬಿಗೆ ನೀರು ತಂದುಕೊಟ್ಟ. ಅವಳ ಬ್ಯಾಗಿನಲ್ಲಿ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಯಾರೆಂದು ನೋಡಬೇಕಿರಲಿಲ್ಲ.

“ಒಂದು ಮಾತ ಕೇಳಾಕ ಬಂದೇನ್ರಿ,” ಅಂದಳು. “ದೋಣಿ ಒಡದ್ರ ಮದಿವಿ. ಇಲ್ಲಂದ್ರ ಇಲ್ಲ. ಮಾವನ ಮಾತಿದು.”

ಅವನು ಗೋಡೆಗೊರಗಿದ. ಹಣೆಯ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡ. ಬಸ್ಸಿನಲ್ಲಿ ಬರುವಾಗ ಅವಳು ಬೇಡಿಕೊಂಡಿದ್ದಳು, ಒಡೀತೇನಿ ಅನ್ನಲಿ, ಗದ್ದಲ ಮುಗಿಯಲಿ ಎಂದು. ಈಗ ಅವಳಿಗೆ ಬೇರೆಯೇ ಭಯ ಹತ್ತಿತು. ಎಲ್ಲಿ ಒಡೀತೇನಿ ಅಂದುಬಿಡುತ್ತಾನೋ ಎಂದು. ಇಷ್ಟು ಜೀವ ಹಾಕಿ ಮಾಡಿದ್ದನ್ನು ಯಾರದೋ ಒಂದು ಮಾತಿಗೆ ಒಲೆಗೆ ಹಾಕುವವನು ನಾಳೆ ತನ್ನನ್ನಾದರೂ ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಾನು?

“ಒಡೆಯಂಗಿಲ್ರಿ,” ಅಂದ ಕಡೆಗೆ. “ನಿಮ್ಮ ಸಲುವಾಗಿ ಕಟ್ಟಾಕತ್ತೇನಿ ಅಂದ್ರ ನಿಮ್ಮ ಮಾವ ಒಪ್ಪಬಹುದು. ಆದ್ರ ಅದು ಸುಳ್ಳು. ನಿಮ್ಮನ್ನ ನೋಡೂಕಿಂತ ಮೊದಲೇ ಶುರು ಮಾಡಿದ್ದು. ನನಗ ಕುಂತಲ್ಲಿ ಕುಂದ್ರಾಕ ಆಗಂಗಿಲ್ಲ. ಏನೇನೋ ಶುರು ಮಾಡ್ತೇನಿ, ಅರ್ಧಕ್ಕ ಬಿಡ್ತೇನಿ. ಇದೊಂದು ಮುಗಿಸಿ ಅಮರ್ಜಾ ಡ್ಯಾಮಿನ ನೀರಿನ್ಯಾಗ ಬಿಡಬೇಕು ಅಂತ ಜಿದ್ದು.”

“ಮತ್ತ ನನಗ್ಯಾಕ ಹೇಳಲಿಲ್ಲ?”

“ಎಲ್ಲಾರೂ ನಕ್ಕರು. ಅದಕ್ಕ ಏನೂ ಅನಸಲಿಲ್ಲ. ನೀವು ನಕ್ಕಿದ್ರ ತಡಕೊಳ್ಳಾಕ ಆಗ್ತಿರಲಿಲ್ರಿ. ದಿನಾ ಹೇಳಬೇಕಂತ ಫೋನ್ ಹಚ್ಚತಿದ್ದೆ, ನಿಮ್ಮ ದನಿ ಕೇಳಿದ ಕೂಡ್ಲೆ ಅಂಜಿಕಿ ಬರ್ತಿತ್ತು.” ಅವನು ಮೊದಲ ಸಲ ಅವಳನ್ನು ನೇರವಾಗಿ, ಕಣ್ಣು ತಪ್ಪಿಸದೆ ನೋಡಿದ. “ನೀವು ಬ್ಯಾಡ ಅಂದು ಹೋದ್ರ ನಾ ಭಾಳ ದಿನ ನೆಟ್ಟಗಿರಂಗಿಲ್ಲ. ನೀವು ನನಗ ಬೇಕು. ಆದ್ರ ಒಡೆಯಂಗಿಲ್ಲ.”

ಇಷ್ಟು ತಿಂಗಳ ಚಡಪಡಿಕೆಗೆ ಅವಳಿಗೆ ಬೇಕಾಗಿದ್ದುದು ಇದೇ, ಒಂದು ಮಾತು, ಒಳಗಿನಿಂದ ಬಂದದ್ದು. ಕಣ್ಣು ತುಂಬಿ ಬಂತು. ಅಳುವ ಮುಖ ಅವನಿಗೆ ಕಾಣಬಾರದೆಂದು ಎದ್ದುಹೋಗಿ ಫೋನು ತೆಗೆದಳು.

“ಏನವ್ವ, ಎಷ್ಟೊತ್ತು?” ದೌಲತರಾಯರ ದನಿ ಅಂಗಳಕ್ಕೆಲ್ಲ ಕೇಳುತ್ತಿತ್ತು. “ಹುಡುಗಗ ಹುಚ್ಚು ಹಿಡದಿದ್ದು ಖರೇನೋ ಸುಳ್ಳೋ?”

“ಖರೇ ಅದ, ಮಾವ.”

“ಒಡಿಯಾಂವ ಇಲ್ಲೇನು?”

“ಇಲ್ಲ.”

“ಮತ್ತ ನೋಡ್ತಿ ಏನು? ತಿರುಗಿ ಬಸ್ ಹತ್ತು.”

“ಹತ್ತಂಗಿಲ್ಲ ಮಾವ. ಎಲ್ಲಾರನೂ ಕರಕೊಂಡು ಜೀಪ್ ತಗೊಂಡು ಬರ್ರಿ. ದೋಣಿ ಅವರೊಬ್ಬರದೇ ಆಗಿದ್ರ ನಾ ಒಡಸ್ತಿದ್ದೆನೋ ಏನೋ. ಈಗ ಅದರಾಗ ನನ್ನ ಕೈನೂ ಕೂಡ್ಯಾದ. ಒಡೆಯಾಕ ನಾನೇ ಬಿಡಂಗಿಲ್ಲ.”

ಆ ಕಡೆ ಮಾವ, “ಹುಚ್ಚು ಒಬ್ಬರಿಗೇ ಅಂತ ಹೇಳಿದ್ರಲ್ಲ ನನಗ,” ಎಂದು ಗೊಣಗಿದರು. ಯಾರನ್ನೋ ಕೂಗಿ ಜೀಪಿನ ಕೀಲಿ ಕೇಳಿದ್ದು ಫೋನಿನಲ್ಲೇ ಕೇಳಿಸಿತು.

ಭುವನೇಶ್ವರಿ ತಿರುಗಿ ನೋಡಿದಳು. ವಿಶ್ವಾರಾಧ್ಯ ನಿಂತಲ್ಲೇ ನಿಂತಿದ್ದ, ನಗಬೇಕೋ ಅಳಬೇಕೋ ತಿಳಿಯದೆ.

“ಇನ್ನೊಂದು ಹೇಳಬೇಕ್ರಿ,” ಅಂದ. “ಬಸ್ತಾ ಆಗೂಕಿಂತ ಮೊದಲ ಹೇಳಿದ್ರ ಚಲೋ.”

“ಹೇಳ್ರಿ.”

“ನನಗ ಈಜು ಬರಂಗಿಲ್ಲ.”

ಈ ಸಲ ಅವಳು ತಡೆಯಲಿಲ್ಲ. ಅಂಗಳ ತುಂಬುವಂತೆ ನಕ್ಕಳು, ಕಣ್ಣೀರು ಒರೆಸಿಕೊಳ್ಳುತ್ತಲೇ ನಕ್ಕಳು. ಅವನೂ ನಕ್ಕ.

“ನಾ ಭೀಮಾ ದಂಡಿಮ್ಯಾಲ ಬೆಳದಾಕಿ,” ಅಂದಳು. “ಮುಳುಗಿದ್ರ ಹಿಡದು ಎಳಕೊಂಡು ಬರ್ತೇನಿ.”

“ನಡುವ ಬಿಡಂಗಿಲ್ಲಲ್ಲ?”

“ಬಿಡಂಗಿಲ್ಲ,” ಎಂದು ಅವಳು ಅವನ ಕೈ ಹಿಡಿದಳು.