ಮೆತ್ತಗಿನ ಬಿಸ್ಕತ್ತು, ಗಟ್ಟಿ ಹುಡುಗಿ

"ನಿಮ್ಮ ಬಿಸ್ಕತ್ತು ಮೆತ್ತಗಾಗಿತ್ತು. ಸರಿ ಮಾಡ್ಕೊಂಡು ಬಂದಿದ್ದೀನಿ."

ಬಾಗಿಲು ತೆರೆದ ಕೂಡಲೇ ಅವಳ ಕಿವಿಗೆ ಬಿದ್ದ ಮೊದಲ ಮಾತು ಇದು. ನಮಸ್ಕಾರವಿಲ್ಲ, ನಾನು ಇಂಥವನು ಎಂಬ ಪರಿಚಯವಿಲ್ಲ. ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದವನು, ಎತ್ತರದ ಆಳು, ಮೊಣಕೈವರೆಗೆ ಅಂಗಿಯ ತೋಳು ಮಡಚಿಕೊಂಡು ನಿಂತಿದ್ದ. ಕೈಯಲ್ಲಿ ಅವಳದೇ ನೀಲಿ ಡಬ್ಬ.

ಅವಳ ಬೆರಳಿಗೆಲ್ಲ ಕ್ಯಾರೆಟ್ ತುರಿ ಅಂಟಿತ್ತು. ಶಾಲೆಯಿಂದ ಬಂದವಳು ಸೀರೆಯನ್ನೂ ಬದಲಾಯಿಸದೆ ಅಡುಗೆಮನೆ ಸೇರಿದ್ದಳು.

"ನನ್ನ ಡಬ್ಬ ನಿಮ್ಮ ಹತ್ರ ಹೇಗೆ ಬಂತು?"

"ನಿಮ್ಮ ತಂದೆ ಕೊಟ್ರು. ಮಗಳು ಮಾಡಿದ್ದು, ತಿಂದು ನೋಡಿ ಅಂದ್ರು." ಅವನು ಮುಚ್ಚಳ ತೆಗೆದ. "ಪಾಪ, ಗಾಳಿ ಹೋಗಿ ಎಲ್ಲಾ ಮೆತ್ತಗಾಗಿಬಿಟ್ಟಿತ್ತು. ಇನ್ನೊಂದು ಸಲ ಓವನ್‌ಗೆ ಹಾಕಿ ಚೆನ್ನಾಗಿ ಸುಟ್ಟೆ. ಈಗ ಕೇಳಿ."

ಕೇಳುವುದೇ? ಬಿಸ್ಕತ್ತನ್ನು ನೋಡುವವರಿದ್ದಾರೆ, ಮೂಸುವವರಿದ್ದಾರೆ. ಕೇಳುವವರನ್ನು ಅವಳು ಈ ಜನ್ಮದಲ್ಲಿ ಕಂಡಿರಲಿಲ್ಲ.

ಅವನು ಒಂದನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು, ಬೆರಳ ಗೆಣ್ಣಿನಿಂದ ತಟ್ಟಿದ. ಅದು ಟಣ್ ಎಂದಿತು.

ಅವನ ಮುಖದಲ್ಲಿ ಹೆಮ್ಮೆ. ಅವಳ ತಲೆಯೊಳಗೆ ಏನೋ ಕಿತ್ತುಹೋದಂತಾಯಿತು.

"ಅಷ್ಟೂ ಸುಟ್ರಾ?"

"ಒಂದೂ ಬಿಡಲಿಲ್ಲ," ಎಂದ ಅವನು, ಶಭಾಷ್‌ಗಿರಿಗಾಗಿ ಕಾಯುವವನ ಹಾಗೆ.

"ಸ್ವಾಮಿ, ನಮ್ಮಪ್ಪನ ಬಾಯಲ್ಲಿ ಒಂದು ಹಲ್ಲೂ ಇಲ್ಲ!"

ವಿಷಯ ಇಷ್ಟು. ಅವಳ ಅಪ್ಪ ಬದುಕಿಡೀ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದವರು, ಚಹಾ ಬಿಸ್ಕತ್ತಿನ ಮೇಲೆಯೇ ಹಗಲು ಕಳೆದವರು. ಒಸಡಿನ ಕಾಯಿಲೆಯಿಂದ ಹಲ್ಲುಗಳನ್ನೆಲ್ಲ ತೆಗೆಸಬೇಕಾಯಿತು. ಗಾಯ ಪೂರ್ತಿ ಮಾಗಿದ ಮೇಲೆಯೇ ಹೊಸ ಹಲ್ಲಿನ ಸೆಟ್ಟು. ಅಲ್ಲಿಯವರೆಗೆ ನುಣ್ಣಗೆ ಅರೆದದ್ದನ್ನೇ ಕೊಡಿ ಎಂದಿದ್ದರು ಡಾಕ್ಟರು. "ನಾನೇನು ಹಸುಗೂಸಾ?" ಎಂದು ಅಪ್ಪ ಬಟ್ಟಲನ್ನು ದೂಡಿದ್ದರು. ಕತ್ತಿನ ಮೂಳೆ ಕಾಣತೊಡಗಿತ್ತು. ಷರಟಿನೊಳಗೆ ಅಪ್ಪ ದಿನದಿನಕ್ಕೆ ಸಣ್ಣವರಾಗುತ್ತಿದ್ದುದನ್ನು ನೋಡುತ್ತಾ ಅವಳಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಅಮ್ಮ ಹೋದ ಮೇಲೆ ಇದ್ದವರು ಅವರೊಬ್ಬರೇ.

ಕೊನೆಗೆ ದಾರಿ ಸಿಕ್ಕಿದ್ದು ಈ ಬಿಸ್ಕತ್ತಿನಲ್ಲಿ. ಓಟ್ಸ್ ಪುಡಿ ಮಾಡಿ ಬಿಸಿ ಹಾಲಿನಲ್ಲಿ ನೆನೆಸಿ, ಕ್ಯಾರೆಟ್ಟನ್ನು ತುರಿಮಣೆಯ ಸಣ್ಣ ಕಣ್ಣಿನಲ್ಲೇ ತುರಿದು, ಬೆಣ್ಣೆ, ಕಂದು ಸಕ್ಕರೆ, ಮೊಟ್ಟೆ, ದಾಲ್ಚಿನ್ನಿ, ಒಣಶುಂಠಿ, ಮೇಲೊಂದಿಷ್ಟು ಜಾಯಿಕಾಯಿ. ಬಾಯಿಗಿಟ್ಟರೆ ಒಸಡಿಗೇ ಕರಗಬೇಕು. ಎಷ್ಟೋ ಸಲ ಕೆಟ್ಟು, ಕಡೆಗೊಂದು ಸಲ ಕೈಗೆ ಬಂತು. ಅಪ್ಪ ಒಂದು ತಿಂದರು, ಇನ್ನೊಂದಕ್ಕೆ ಕೈ ಚಾಚಿದರು. ಅವಳು ಒಲೆಯ ಕಡೆ ತಿರುಗಿ ಅತ್ತಿದ್ದಳು.

ಆ ಬಿಸ್ಕತ್ತನ್ನು ಈ ಮನುಷ್ಯ ಕಲ್ಲು ಮಾಡಿ ತಂದಿದ್ದ.

"ಅಂದ್ರೆ..." ಅವನ ಹುಬ್ಬು ಮೇಲೇರಿತು. "ಬೇಕಂತಲೇ ಮೆತ್ತಗೆ ಮಾಡಿದ್ದಾ?"

"ಬೇಕಂತಲೇ!"

"ನಾನು ಹೆಂಚಿನ ಕಾರ್ಖಾನೆಯಲ್ಲಿ ಹೆಂಚು ಸುಡೋ ಗೂಡು ನೋಡ್ಕೊಳ್ಳೋನು," ಎಂದ ತಗ್ಗಿದ ದನಿಯಲ್ಲಿ. "ಗೂಡಿಂದ ಮೆತ್ತಗೆ ಬಂದಿದ್ದನ್ನ ನಾವು ಕಸಕ್ಕೆ ಹಾಕ್ತೀವಿ. ಸುಡೋದು ಅಂದ್ರೆ ನನಗೆ ಗೊತ್ತಿರೋದು ಅಷ್ಟೇ, ಟೀಚರ್."

"ಮನೆ ಮೇಲೆ ಹೊದಿಸೋಕೆ ಮಾಡಿದ್ದಲ್ಲ ಇದು," ಎಂದು ಡಬ್ಬ ಕಿತ್ತುಕೊಂಡು ಬಾಗಿಲು ಹಾಕಿದಳು.

ಒಳಗಿನಿಂದ ಅಪ್ಪನ ದನಿ. "ಯಾರಮ್ಮಾ ಅದು?"

"ಹೆಂಚು," ಎಂದಳು ಅವಳು. ಅವತ್ತಿನಿಂದ ಆ ಮನೆಯಲ್ಲಿ ಅವನ ಹೆಸರು ಅದೇ ಆಯಿತು.

ಹೆಂಚು ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. ಮರುದಿನ ಸಂಜೆ ತಪ್ಪು ತಿದ್ದಿಕೊಳ್ಳಲು ಒಂದು ಚೀಲ ಕ್ಯಾರೆಟ್ ತಂದ. ತಾನೇ ತುರಿಯುತ್ತೇನೆಂದು ಹಟ ಹಿಡಿದು ಕೂತ. ತುರಿದದ್ದೋ, ಕಡ್ಡಿ ಕಡ್ಡಿ. "ಇದನ್ನ ಅಪ್ಪ ತಿನ್ನೋದಾ, ಪೊರಕೆ ಕಟ್ಟೋದಾ?" ಎಂದು ಅವಳು ಗದರಿದಳು. ಅವನು ತಲೆ ತಗ್ಗಿಸಿ ಮತ್ತೆ ಸಣ್ಣಗೆ ಕೊಚ್ಚತೊಡಗಿದ.

ಇನ್ನೊಂದು ಸಂಜೆ ಜಾಯಿಕಾಯಿ ಎಷ್ಟು ಎಂದು ಕೇಳಿದ. "ಚಿಟಿಕೆ" ಎಂದಳು. ಅವನ ಚಿಟಿಕೆ ಅವಳ ಹಿಡಿಯಷ್ಟಿತ್ತು. ಅಪ್ಪ ತಿಂದು ಮರುದಿನ ಮಧ್ಯಾಹ್ನದವರೆಗೆ ತೂಕಡಿಸಿದರು.

ಇಷ್ಟೆಲ್ಲ ಅನಾಹುತದ ನಡುವೆ ಒಂದು ಸಂಗತಿ ಅವಳ ಗಮನಕ್ಕೆ ಬಂತು. ಅವನು ಎದುರಿಗಿದ್ದರೆ ಅಪ್ಪ ಊಟ ಮಾಡುತ್ತಿದ್ದರು. ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವರ ಕಥೆ ಒಂದಾದ ಮೇಲೊಂದು ಹೇಳುತ್ತಾ, ಅವನು ನಗುವುದನ್ನು ನೋಡುತ್ತಾ, ತಮಗೇ ಗೊತ್ತಿಲ್ಲದ ಹಾಗೆ ಬಟ್ಟಲು ಖಾಲಿ ಮಾಡುತ್ತಿದ್ದರು. ಅವರ ಕೆನ್ನೆ ತುಸು ತುಂಬಿತು.

ಇನ್ನೊಂದು ಸಂಗತಿಯನ್ನು ಅವಳು ತನಗೆ ತಾನೇ ಒಪ್ಪಿಕೊಂಡಿರಲಿಲ್ಲ. ಸಂಜೆಯಾದರೆ ಅವಳ ಕಿವಿ ಬಾಗಿಲಲ್ಲೇ ಇರುತ್ತಿತ್ತು.

'ಬರ್ತಾನೆ, ಇವತ್ತೂ ಏನೋ ಒಂದು ಕೆಡಿಸ್ತಾನೆ,' ಎಂದು ಗೊಣಗುತ್ತಲೇ ಕನ್ನಡಿಯ ಮುಂದೆ ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ಆಮೇಲೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಎಲ್ಲ ಒಂದು ಹದಕ್ಕೆ ಬಂತು ಎನ್ನುವಷ್ಟರಲ್ಲಿ ಆ ಮಾತು ಅವಳ ಕಿವಿಗೆ ಬಿತ್ತು.

ಅಂದು ಶಾಲೆ ಬೇಗ ಬಿಟ್ಟಿತ್ತು. ಮೆಟ್ಟಿಲು ಹತ್ತಿ ಬಂದಾಗ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವನು ಅಪ್ಪನಿಗೆ ಹೇಳುತ್ತಿದ್ದ. "ನಿಮ್ಮ ಮಗಳು ತುಂಬಾ ಗಟ್ಟಿ, ಅಂಕಲ್."

ಅಪ್ಪ ನಕ್ಕರು. ಅವಳು ಹೊರಗೆ ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತಳು.

ಗಟ್ಟಿ... ಇದೇ ಮಾತು. ಹಿಂದೆ ಅವಳನ್ನು ನೋಡಲು ಬಂದ ಗಂಡಿನ ಕಡೆಯವರು ಹೇಳಿ ಕಳಿಸಿದ್ದೂ ಇದನ್ನೇ. "ಹುಡುಗಿ ಎಲ್ಲಾ ಸರಿ, ಆದ್ರೆ ಸ್ವಲ್ಪ ಗಟ್ಟಿ. ನಮ್ಮ ಮನೆಗೆ ಹೊಂದಲ್ಲ." ಕೊನೆ ಬೆಂಚಿನವರೆಗೆ ಭೂಗೋಳ ಕೇಳಿಸಬೇಕಾದ ದನಿ, ಅಪ್ಪನನ್ನು ಬಿಟ್ಟು ಬರಲಾರೆ ಎಂದ ಮಾತು, ಎಲ್ಲವನ್ನೂ ಸೇರಿಸಿ ಅವರು ಒಂದೇ ಪದದಲ್ಲಿ ಮುಗಿಸಿದ್ದರು. ಆಮೇಲೆ ಅವಳು ಯಾರ ಮುಂದೆಯೂ ಹಾಗೆ ಕೂರಲಿಲ್ಲ.

'ಇವನೂ ಅದನ್ನೇ ಅಂದನಲ್ಲ. ನಮ್ಮ ಮನೆಯಲ್ಲೇ ಕೂತು, ಅಪ್ಪನ ಮುಂದೆಯೇ...'

ಬಾಗಿಲು ತಳ್ಳಿಕೊಂಡು ಒಳಗೆ ಬಂದಳು.

"ಎದ್ದೇಳಿ."

"ಟೀಚರ್, ಏನಾಯ್ತು?"

"ನಾನು ಗಟ್ಟಿ ಅಲ್ವಾ? ಸರಿ, ಗಟ್ಟಿಯಾಗೇ ಹೇಳ್ತೀನಿ ಕೇಳಿ. ಇನ್ನು ಮುಂದೆ ಈ ಮನೆ ಬಾಗಿಲು ತಟ್ಟಬೇಡಿ."

ಅವನು ಮಡಿಲಲ್ಲಿದ್ದ ಕ್ಯಾರೆಟ್ ತಟ್ಟೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಟುಹೋದ.

"ಅವನು ಹೇಳಿದ್ದು ಏನು ಅಂತ..." ಅಪ್ಪ ಶುರುಮಾಡಿದರು.

"ಬೇಡಪ್ಪಾ. ನನಗೆ ಕೇಳ್ಬೇಕಾಗಿಲ್ಲ."

"ನೀನು ಕೇಳಲ್ವಾ? ಹಾಗಾದ್ರೆ ನಾನೂ ತಿನ್ನಲ್ಲ," ಎಂದು ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದರು.

ಸಿಟ್ಟಿನಲ್ಲಿ ಆಡಿದ ಮಾತು ಎಂದುಕೊಂಡಿದ್ದಳು. ಆದರೆ ಟಿಕೆಟ್ ತಪಾಸಣೆಯವರ ಹಟ ಅದು, ಸುಲಭಕ್ಕೆ ಬಗ್ಗುವಂಥದ್ದಲ್ಲ. ಬಟ್ಟಲು ಹೋದ ಹಾಗೇ ವಾಪಸು ಬರತೊಡಗಿತು. ತುಂಬಿದ್ದ ಕೆನ್ನೆ ಮತ್ತೆ ಒಳಗೆ ಹೋಯಿತು. "ಅವನನ್ನ ಕರಿ, ತಿಂತೀನಿ," ಎನ್ನುವುದೊಂದೇ ಮಾತು. ಅವಳು ಬೇಡಿಕೊಂಡಳು, ಗದರಿದಳು, ತಾನೂ ಊಟ ಬಿಟ್ಟು ನೋಡಿದಳು. ಅಪ್ಪ ಜಗ್ಗಲಿಲ್ಲ.

ಅವನೂ ಬರಲಿಲ್ಲ. ಬೇಡ ಅಂದರೆ ಇಷ್ಟು ಚೆನ್ನಾಗಿ ಕೇಳುವ ಗಂಡಸು ಜಗತ್ತಿನಲ್ಲಿ ಇದ್ದಾನೆಂದು ಅವಳಿಗೆ ಗೊತ್ತಿರಲಿಲ್ಲ. ದಿನಾ ಸಂಜೆ ಎದುರು ಮನೆಯಿಂದ ಕರಟಿದ ವಾಸನೆ ಮಾತ್ರ ಬರುತ್ತಿತ್ತು. ದಾಲ್ಚಿನ್ನಿ, ಒಣಶುಂಠಿ, ಮೇಲೆ ಸುಟ್ಟ ಸಕ್ಕರೆ. 'ಏನು ಸುಡ್ತಿದ್ದಾನೆ ಇವನು?' ಎಂದು ಹಲ್ಲು ಕಚ್ಚಿಕೊಂಡು ಕಿಟಕಿ ಮುಚ್ಚುತ್ತಿದ್ದಳು. ಮುಚ್ಚಿದ ಮೇಲೆ ಮನೆ ಬಣಗುಟ್ಟುತ್ತಿತ್ತು.

ಭಾನುವಾರ ಬೆಳಿಗ್ಗೆ ಅಪ್ಪ ಎದ್ದು ನಿಂತವರು ತಲೆ ತಿರುಗಿ ಮಂಚದ ಮೇಲೆ ಕುಸಿದರು. ಅವಳ ಜೀವ ಬಾಯಿಗೆ ಬಂತು. ನೀರು ಕುಡಿಸಿ, ದಿಂಬು ಕೊಟ್ಟು, ನೇರ ಎದುರು ಮನೆಗೆ ನಡೆದು ಬಾಗಿಲು ಬಡಿದಳು.

ತೆರೆದವನ ಮುಖಕ್ಕೆಲ್ಲ ಹಿಟ್ಟು. ಹಿಂದೆ ಅಡುಗೆಮನೆಯ ಕಟ್ಟೆ ಕಾಣುತ್ತಿತ್ತು. ತಟ್ಟೆ, ಬುಟ್ಟಿ, ಬಕೆಟ್ಟು, ಎಲ್ಲದರಲ್ಲೂ ಕಂದು ಬಿಸ್ಕತ್ತು.

"ಏನಿದೆಲ್ಲ?"

"ಅಂಕಲ್‌ಗೆ ಅಂತ." ಅವನು ಸೋತ ದನಿಯಲ್ಲಿ ಹೇಳಿದ. "ಒಂದೂ ಮೆತ್ತಗೆ ಬರಲಿಲ್ಲ. ಮೆತ್ತಗಿದ್ದಾಗಲೇ ಹೊರಗೆ ತೆಗೀಬೇಕು ಅಂತ ಗೊತ್ತು, ಟೀಚರ್. ಆದ್ರೆ ಕೈ ಬರಲ್ಲ. ಇಷ್ಟು ವರ್ಷದ ಅಭ್ಯಾಸ. ಇನ್ನೊಂದು ಚೂರು, ಇನ್ನೊಂದು ಚೂರು ಅನ್ನುತ್ತೆ ಮನಸ್ಸು."

"ಬಂದು ಕೇಳೋಕೆ ಏನಾಗಿತ್ತು?"

"ಬಾಗಿಲು ತಟ್ಟಬೇಡಿ ಅಂದ್ರಲ್ಲ."

"ಬೆಲ್ ಇತ್ತಲ್ಲಾ!"

"ಯೋಚಿಸಿದೆ," ಎಂದ ಅವನು ಗಂಭೀರವಾಗಿ. "ಅದು ಮೋಸ ಆಗುತ್ತೆ ಅನ್ನಿಸ್ತು."

ಅವಳು ಹಣೆ ಹಿಡಿದುಕೊಂಡಳು. ನಗು ಬಂತೋ, ಅಳು ಬಂತೋ, ಈ ಮನುಷ್ಯನನ್ನು ಹಿಡಿದು ಅಲ್ಲಾಡಿಸುವಷ್ಟು ಸಿಟ್ಟು ಬಂತೋ, ಅವಳಿಗೇ ತಿಳಿಯಲಿಲ್ಲ. ಆದರೂ ಎದೆಯಲ್ಲಿದ್ದ ಮುಳ್ಳು ಹಾಗೇ ಇತ್ತು. ಕೇಳಿಯೇಬಿಟ್ಟಳು.

"ನನ್ನ ಗಟ್ಟಿ ಅಂದ್ರಿ, ಅಪ್ಪನ ಹತ್ರ."

"ಹೌದು, ಅಂದೆ."

ಇಲ್ಲ ಅನ್ನುತ್ತಾನೆ ಎಂದುಕೊಂಡಿದ್ದಳು. ಅವನು ಅನ್ನಲಿಲ್ಲ.

"ಯಾಕೆ? ಅದರಲ್ಲಿ ತಪ್ಪೇನಿದೆ?" ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಹಗಲೆಲ್ಲ ಶಾಲೆ, ಬಂದ ತಕ್ಷಣ ಅಂಕಲ್, ಒಬ್ಬರೇ ಎಲ್ಲಾ ಹೊತ್ಕೊಂಡಿದ್ದೀರಿ. ಎಲ್ಲೂ ಒಂದು ಬಿರುಕಿಲ್ಲ. ನಮ್ಮಲ್ಲಿ ಒಂದು ಹೆಂಚನ್ನ ಗಟ್ಟಿ ಅಂತ ಸುಮ್ಸುಮ್ನೆ ಅನ್ನಲ್ಲ, ಟೀಚರ್. ಅದನ್ನ ನಂಬಿ ಅದರ ಕೆಳಗೆ ಜನ ಮಲಗ್ತಾರೆ."

ಅವಳು ಒಳಗೆ ಬಂದು ಅಡುಗೆಮನೆಯ ಕಟ್ಟೆಗೆ ಒರಗಿದಳು.

"ಗಟ್ಟಿ ಇರೋರಿಗೂ ಆಯಾಸ ಆಗುತ್ತಲ್ಲ ಅಂಕಲ್, ಅಂತ ಹೇಳೋದಿತ್ತು. ಅಷ್ಟರಲ್ಲಿ ನೀವು ಬಂದ್ರಿ."

ಆ ಒಂದು ಪದವನ್ನು ಅವಳು ಇಷ್ಟು ವರ್ಷ ಅವಮಾನವೆಂದು ಹೊತ್ತಿದ್ದಳು. ಆಯಾಸವಾಗುತ್ತದೆಯೇ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಹೌದು, ಆಗುತ್ತಿತ್ತು... ತುಂಬಾ ಆಗುತ್ತಿತ್ತು. ಕಣ್ಣು ತುಂಬಿ ಬಂತು. ಅವನಿಗೆ ಕಾಣದಿರಲೆಂದು ಓವನ್ ಕಡೆ ತಿರುಗಿದಳು. ಒಳಗೊಂದು ತಟ್ಟೆ ಬೇಯುತ್ತಿತ್ತು. ಅಂಚು ಬಿಗಿದು ನಡುವೆ ಇನ್ನೂ ಒದ್ದೆ ಒದ್ದೆ.

"ತೆಗೀರಿ," ಎಂದಳು, ಮೂಗು ಒರೆಸಿಕೊಳ್ಳುತ್ತಾ.

"ಈಗಲಾ? ಇನ್ನೂ ಹಸಿ ಇದೆ."

"ಇರಲಿ. ಹೊರಗೆ ಬಂದ ಮೇಲೆ ತಟ್ಟೆಯ ಬಿಸಿಗೇ ಹದಕ್ಕೆ ಬರುತ್ತೆ."

"ಇನ್ನೊಂದು ಚೂರು..."

"ತೆಗೀರಿ ಅಂದೆ!"

ಅವನ ಕೈ ಮುಂದೆ ಹೋಗಲಿಲ್ಲ. ಅವಳು ಅವನ ಕೈಗೆ ಮಸಿಬಟ್ಟೆ ತುರುಕಿ ಮಣಿಕಟ್ಟು ಹಿಡಿದಳು. ಇಬ್ಬರೂ ಸೇರಿ ತಟ್ಟೆಯನ್ನು ಹೊರಗೆಳೆದರು. ತಟ್ಟೆ ಕಟ್ಟೆಯ ಮೇಲೆ ಕೂತ ಮೇಲೂ ಅವಳು ಕೈ ಬಿಡಲಿಲ್ಲ, ಅವನೂ ಬಿಡಿಸಿಕೊಳ್ಳಲಿಲ್ಲ.

ಬಾಗಿಲಲ್ಲಿ ಚಪ್ಪಲಿ ಸದ್ದು. ಗೋಡೆ ಹಿಡಿದುಕೊಂಡು ಅಪ್ಪ ಬಂದಿದ್ದರು.

"ಇಲ್ಲೇ ಇದ್ದೀರಾ ಇಬ್ರೂ," ಎಂದು ಹತ್ತಿರ ಬಂದು, ಬಿಸಿ ಬಿಸ್ಕತ್ತೊಂದನ್ನು ಅಂಗೈಯಿಂದ ಅಂಗೈಗೆ ಹಾರಿಸುತ್ತಾ ಬಾಯಿಗಿಟ್ಟುಕೊಂಡರು. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದರು. ಅಪ್ಪನ ಗಲ್ಲ ಮೇಲೆ ಕೆಳಗೆ ಆಡಿತು. ನುಂಗಿದರು. ಇನ್ನೊಂದು ತೆಗೆದುಕೊಂಡರು. ಜೇಬಿಗೂ ಎರಡು ಹಾಕಿಕೊಂಡರು.

"ನಾನು ಮನೇಲಿ ಇರ್ತೀನಿ. ಜಗಳ ಪೂರ್ತಿ ಮುಗಿಸ್ಕೊಂಡೇ ಬನ್ನಿ. ಅರ್ಧಕ್ಕೆ ಬಿಟ್ಟು ಬಂದ್ರೆ ಮತ್ತೆ ಉಪವಾಸ ಇರೋಕೆ ನನ್ನಿಂದ ಆಗಲ್ಲ," ಎಂದು ಹೊರಟುಹೋದರು.

ಅವನ ಕಿವಿ ಕೆಂಪಾಗಿತ್ತು.

"ಟೀಚರ್, ನನಗೆ ಸುತ್ತಿ ಬಳಸಿ ಹೇಳೋಕೆ ಬರಲ್ಲ. ನೀವಂದ್ರೆ ನನಗೆ ಇಷ್ಟ. ಡಬ್ಬ ಕಿತ್ಕೊಂಡು ಬಾಗಿಲು ಹಾಕಿದ್ರಲ್ಲ, ಅವತ್ತಿಂದ. ಅಂಕಲ್ ನಮ್ಮ ಜೊತೆಗೇ ಇರ್ತಾರೆ. ನನ್ನ ಮದುವೆ ಆಗ್ತೀರಾ?"

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹುಬ್ಬಿನ ಮೇಲೆ ಹಿಟ್ಟು, ಅಂಗಿಯ ಮೇಲೆ ಮೊಟ್ಟೆ, ಉಗುರಲ್ಲಿ ಕ್ಯಾರೆಟ್ಟು. ಇಂಥ ಅವತಾರದಲ್ಲಿ ಯಾರಾದರೂ ಮದುವೆ ಮಾತೆತ್ತುತ್ತಾರೆಯೇ?

"ಮೊದ್ಲು ಹೋಗಿ ಕೈ ತೊಳ್ಕೊ."

ಅವನು ವಿಧೇಯನಾಗಿ ಎರಡು ಹೆಜ್ಜೆ ನಡೆದು ನಲ್ಲಿ ತಿರುಗಿಸಿದ. ಅಲ್ಲೇ ನಿಂತ.

"ಏನಂದ್ರಿ?"

"ಕೈ ತೊಳ್ಕೊ ಅಂದೆ."

"ತೊಳ್ಕೊಳ್ಳಿ... ಅನ್ನಲಿಲ್ಲ."

"ಅನ್ನಲಿಲ್ಲ," ಎಂದಳು ಅವಳು. ಕೊನೆ ಬೆಂಚಿಗೆ ಕೇಳುವ ಆ ದನಿ ಈಗ ಎರಡು ಹೆಜ್ಜೆ ದೂರಕ್ಕೆ ಮಾತ್ರ ಕೇಳಿಸಿತು. "ಇನ್ನು ಅನ್ನೋದೂ ಇಲ್ಲ."

ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

"ಇನ್ನೊಂದು ಸಲ ಹೇಳಿ."

"ನೀನೂ ಸರಿಯಾಗಿ ಕೇಳು."

ಅವನು ಗಂಟಲು ಸರಿಮಾಡಿಕೊಂಡ. ಆ ಚಿಕ್ಕ ಮಾತು ಅವನ ಬಾಯಿಂದ ಹೊರಡಲು ಬಹಳ ಹೊತ್ತು ಹಿಡಿಯಿತು.

"ಇನ್ನೊಂದು ಸಲ... ಹೇಳು."

ಅವಳು ಹೇಳಿದಳು.