ಹಳದಿ ದಾರದ ಹೊಲಿಗೆ

ಬೆಳಗಿನ ಹನ್ನೊಂದು ಗಂಟೆಗೆ ಉಡುಪು ಕಾರ್ಖಾನೆಯ ಹೊಲಿಗೆ ಹಾಲಿನಲ್ಲಿ ಮೂವತ್ತೆರಡು ಯಂತ್ರಗಳು ಒಂದರ ನಂತರ ಒಂದು ಸದ್ದಡಗಿ ನಿಂತವು. ನಾಲ್ಕನೇ ಸಾಲಿನ ಕೊನೆಯ ಯಂತ್ರದವಳು ಬಿಳಿ ಕಾಲರುಗಳ ರಾಶಿಯ ಮೇಲೆ ರಕ್ತ ಕಾರಿ ಬಿದ್ದಿದ್ದಳು.

ಒಂದು ಗಂಟೆಗೆ ಪೊಲೀಸ್ ಜೀಪು ಬಂದು ನಿಂತದ್ದು ನನ್ನ ಔಷಧದಂಗಡಿಯ ಮುಂದೆ.

ಇಪ್ಪತ್ತಾರು ವರ್ಷದಿಂದ ಈ ಕೌಂಟರಿನ ಹಿಂದೆ ನಿಂತಿದ್ದೇನೆ. ಕಾರ್ಖಾನೆಯ ಹೆಂಗಸರಿಗೆಲ್ಲ ನಾನು ಮಾತ್ರೆ ಅಕ್ಕ. ಇದುವರೆಗೆ ಒಂದು ಮಾತ್ರೆಯನ್ನೂ ತಪ್ಪಿ ಕೊಟ್ಟವಳಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ. ಹೌದು, ಜಂಬವೇ.

ಇನ್ಸ್‌ಪೆಕ್ಟರ್ ಟೋಪಿ ತೆಗೆದು ಕೌಂಟರಿನ ಮೇಲಿಟ್ಟರು. ಅವರ ಹಿಂದೆ ನಿಂತಿದ್ದವನು ಕಾರ್ಖಾನೆಯಲ್ಲಿ ಬಿದ್ದವಳ ಗಂಡ. ಬಸ್ ಡ್ರೈವರ್, ಸಮವಸ್ತ್ರವನ್ನೂ ಬಿಚ್ಚಿರಲಿಲ್ಲ.

"ಇವರೇ ಸಾರ್ ಕೊಟ್ಟಿದ್ದು! ಇವರ ಮಾತ್ರೆ ತಿಂದು ಐದೇ ದಿನಕ್ಕೆ ನನ್ನ ಹೆಂಡ್ತಿ ಐಸಿಯು ಸೇರಿದ್ಲು!"

"ಯಾರು? ಚಿಟಿಕೆನಾ?"

ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಕೇಳಿದೆ. ಚಿಟಿಕೆ ಹೊಡೆಯುವುದರೊಳಗೆ ಒಂದು ಕಾಲರ್ ಮುಗಿಸುತ್ತಾಳೆಂದು ಹೊಲಿಗೆ ಹಾಲಿನವರು ಇಟ್ಟ ಹೆಸರು ಅದು. ನನಗೆ ತುಂಬ ಇಷ್ಟದ ಹುಡುಗಿ.

"ಜೀವಕ್ಕೇನೂ...?"

"ಇಪ್ಪತ್ನಾಲ್ಕು ಗಂಟೆ ಕಳೀದೆ ಏನೂ ಹೇಳೋಕಾಗಲ್ವಂತೆ," ಎಂದರು ಇನ್ಸ್‌ಪೆಕ್ಟರ್. "ಹೊಟ್ಟೇಲಿ ಹುಣ್ಣಾಗಿ ರಕ್ತ ಸೋರಿದೆ. ನೋವಿನ ಮಾತ್ರೆ ಅತಿಯಾಗಿದೆ ಅಂತಾರೆ ಡಾಕ್ಟರು. ಗಂಟಲಿಗೆ ಕೊಳವೆ ಹಾಕಿದ್ದಾರೆ, ಮಾತಾಡೋ ಸ್ಥಿತೀಲಿಲ್ಲ. ನೀವು ಜಾಸ್ತಿ ಕೊಟ್ರೋ, ಅವರು ಜಾಸ್ತಿ ನುಂಗಿದ್ರೋ? ಐದು ಗಂಟೆಗೆ ಔಷಧ ಇಲಾಖೆಯವರು ಅಂಗಡಿಗೆ ಬೀಗ ಹಾಕೋಕೆ ಬರ್ತಾರೆ."

"ದೂರು ಕೊಟ್ಟಿದ್ಯಾರು?"

"ಕಾರ್ಖಾನೆ ಮ್ಯಾನೇಜರ್. ಆಂಬುಲೆನ್ಸಿಗಿಂತ ಮುಂಚೆ ನಮಗೇ ಫೋನ್ ಮಾಡಿದ್ರು. ಕಾಳಜಿಯ ಮನುಷ್ಯ."

ಆ ಮಾತನ್ನು ನಾನು ಮನಸ್ಸಿನಲ್ಲೇ ಮಡಚಿಟ್ಟುಕೊಂಡೆ.

* * *

ಇನ್ಸ್‌ಪೆಕ್ಟರ್ ಪ್ಲಾಸ್ಟಿಕ್ ಕವರಿನಿಂದ ಒಂದು ಬಟ್ಟೆ ಚೀಲ ತೆಗೆದರು. ಅಂಗೈಯಗಲ. ಚಿಟಿಕೆಯ ಸೊಂಟದಲ್ಲಿತ್ತಂತೆ. ಭಾನುವಾರ ಇದೇ ಚೀಲಕ್ಕೆ ನಾನೇ ಮಾತ್ರೆ ಹಾಕಿ ಕೊಟ್ಟಿದ್ದೆ.

ಕೈ ತೊಳೆದು ಬಂದು ಎಣಿಸಿದೆ.

"ಮಣಿಕಟ್ಟು ಊದಿಕೊಂಡಿದೆ ಅಂತ ಡಾಕ್ಟರ ಚೀಟಿ ತಂದಿದ್ಲು. ನೋವು, ಬಾವು ಇಳಿಸೋ ಮಾತ್ರೆ. ಬೆಳಗ್ಗೆ ಒಂದು, ರಾತ್ರಿ ಒಂದು, ಊಟ ಆದ್ಮೇಲೆ, ಏಳೇ ದಿನ. ಒಟ್ಟು ಹದಿನಾಲ್ಕು. ಸೋಮವಾರ ಶುರು ಮಾಡಿ ಇವತ್ತು ಶುಕ್ರವಾರ ಬೆಳಗ್ಗೆವರೆಗೆ ಒಂಬತ್ತಾಗ್ಬೇಕು. ಐದು ಉಳೀಬೇಕು. ಎಷ್ಟಿದೆ, ನೀವೇ ನೋಡಿ."

ಅವರು ಎಣಿಸಿದರು. ಐದಿತ್ತು.

"ಹೊಟ್ಟೆ ಕಾಪಾಡೋ ಮಾತ್ರೆ ಏಳು. ದಿನಾ ಬೆಳಗ್ಗೆ ಒಂದು. ಎರಡು ಉಳೀಬೇಕು."

ಎರಡಿತ್ತು.

"ನಾನೂ ಜಾಸ್ತಿ ಕೊಟ್ಟಿಲ್ಲ, ಅವಳೂ ಜಾಸ್ತಿ ನುಂಗಿಲ್ಲ," ಎಂದೆ. ಗಂಡನ ಮುಖ ಸ್ವಲ್ಪ ಸಡಿಲವಾಯಿತು. ಇನ್ಸ್‌ಪೆಕ್ಟರದು ಆಗಲಿಲ್ಲ.

"ನಿಮ್ಮ ಮನೇಲಿ ಬೇರೆ ನೋವಿನ ಮಾತ್ರೆ ಇದೆಯೇನ್ರೀ?" ಎಂದು ಥಟ್ಟನೆ ಗಂಡನತ್ತ ತಿರುಗಿದರು.

ಅವನು ಬೆನ್ನು ಮುಟ್ಟಿಕೊಂಡ. "ಇದೆ ಸಾರ್. ನನ್ನ ಬೆನ್ನು ನೋವಿಗೆ."

"ಅದನ್ನ ಅವರಿಗೆ ಕೊಟ್ರಾ?"

"ಕೊಡೋಕೆ ಹೋಗಿದ್ದೆ. ಮೊದಲ ದಿನ ನೋವು ತಡೀಲಾರದೆ ಅಳ್ತಿದ್ಲು. ಆದ್ರೆ ಬೇಡವೇ ಬೇಡ ಅಂದ್ಲು. ಇನ್ನೊಬ್ಬರ ಚೀಟಿ ಮಾತ್ರೆ ಮುಟ್ಟಬಾರದು, ಎರಡು ಥರದ ನೋವಿನ ಮಾತ್ರೆ ಒಟ್ಟಿಗೆ ತಿನ್ನಬಾರದು, ಅಕ್ಕ ಗೊತ್ತಾದ್ರೆ ಚರ್ಮ ಸುಲೀತಾರೆ ಅಂತ."

ಎದೆ ಉಬ್ಬಿತು. ಅಂಥ ಹೊತ್ತಿನಲ್ಲೂ ಉಬ್ಬಿತು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

"ಸುಳ್ಳಿರಬಹುದು," ಎಂದರು ಇನ್ಸ್‌ಪೆಕ್ಟರ್. ಅವರ ಕೆಲಸ ಅದು.

ನಾನು ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಕೆಂಪು ದಾರದ ಪುಟ್ಟ ಹೊಲಿಗೆಗಳು. ಎಣಿಸಿದೆ, ಒಂಬತ್ತು. ಅದರ ಕೆಳಗೆ ನೀಲಿ. ಐದು. ಅರೆ! ಹುಡುಗಿ ನುಂಗಿದ ಪ್ರತಿ ಮಾತ್ರೆಗೂ ಒಂದೊಂದು ಹೊಲಿಗೆ ಹಾಕುತ್ತಿದ್ದಾಳೆ. ಮರೆತು ಎರಡು ಸಲ ನುಂಗಬಾರದೆಂದು.

ಅದಕ್ಕೂ ಕೆಳಗೆ ಮೂರನೇ ಸಾಲಿತ್ತು. ಹಳದಿ.

ಭಾನುವಾರವೂ ನಾನು ಆ ಹಳದಿ ಸಾಲನ್ನು ನೋಡಿದ್ದೆ. ಚೀಲದ ಅಲಂಕಾರ ಅಂದುಕೊಂಡು, "ಚೆನ್ನಾಗಿದೆ ಕಣೇ," ಎಂದು ಹೊಗಳಿಯೂ ಇದ್ದೆ. ಇಪ್ಪತ್ತಾರು ವರ್ಷದ ಅನುಭವ!

"ಸಾರ್, ಇವಳು ಮೂರನೇ ಮಾತ್ರೆ ಒಂದು ತಿಂತಿದ್ಲು. ನಾನು ಕೊಟ್ಟಿದ್ದಲ್ಲ. ಮನೇದೂ ಅಲ್ಲ."

"ಮನೇದಲ್ಲ ಅಂತ ಹೇಗೆ ಹೇಳ್ತೀರಿ?"

"ಆರು ಹೊಲಿಗೆ, ಒಂದು ಹೊಲಿಗೆಯಷ್ಟು ಜಾಗ ಖಾಲಿ. ಮತ್ತೆ ಆರು, ಮತ್ತೆ ಖಾಲಿ. ಮತ್ತೆ ಆರು, ಖಾಲಿ. ಕೊನೇಲಿ ನಾಲ್ಕು. ವಾರಕ್ಕೊಂದು ದಿನ ಈ ಮಾತ್ರೆಗೆ ರಜೆ. ಭಾನುವಾರ ರಜೆ ಇರೋದು ಮನೆಗಲ್ಲ ಸಾರ್, ಕಾರ್ಖಾನೆಗೆ."

ಇನ್ಸ್‌ಪೆಕ್ಟರ್ ಟೋಪಿ ಹಾಕಿಕೊಂಡರು. "ಜೀಪ್ ಹತ್ತಿ."

* * *

ದಾರಿಯಲ್ಲಿ ನನ್ನ ಜಂಬಕ್ಕೆ ಇನ್ನೊಂದು ತೂತು ಕಾಣಿಸಿತು. ಈ ತಿಂಗಳು ಹೊಲಿಗೆ ಹಾಲಿನ ಎಂಟು ಹೆಂಗಸರು ಎದೆಯುರಿ, ಹುಳಿತೇಗು ಅಂತ ಸಿರಪ್ಪು ಒಯ್ದಿದ್ದರು. ಪಕ್ಕದ ಪ್ಯಾಕಿಂಗ್ ವಿಭಾಗದಿಂದ ಒಬ್ಬರೂ ಬಂದಿರಲಿಲ್ಲ. ಒಂದೇ ಕ್ಯಾಂಟೀನು, ಒಂದೇ ಊಟ. ಹಾಗಿದ್ದೂ ಹೊಲಿಗೆಯವರಿಗೆ ಮಾತ್ರ ಯಾಕೆ ಎದೆಯುರಿ ಎಂದು ನಾನು ಕೇಳಬೇಕಿತ್ತು. ಬಾಟಲಿ ಕೊಟ್ಟು ಕಳಿಸಿದ್ದೆ.

ಹೊಲಿಗೆ ಹಾಲಿನಲ್ಲಿ ಯಂತ್ರಗಳು ಮತ್ತೆ ಓಡುತ್ತಿದ್ದವು. ನಾಲ್ಕನೇ ಸಾಲಿನ ಕೊನೆಯ ಕುರ್ಚಿ ಮಾತ್ರ ಖಾಲಿ. ಇನ್ಸ್‌ಪೆಕ್ಟರ್ ಕೈ ಎತ್ತಿದರು. ಸದ್ದು ನಿಂತಿತು.

"ಇಲ್ಲಿ ನಿಮಗೆ ಯಾರಾದ್ರೂ ಮಾತ್ರೆ ಕೊಡ್ತಾರಾ?"

ಎಲ್ಲರೂ ಇಲ್ಲವೆಂದು ತಲೆಯಾಡಿಸಿದರು. ನಾನು ಮುಂದೆ ಬಂದೆ.

"ಔಷಧಿ ಅಲ್ರಮ್ಮಾ. ಟೀ ಹೊತ್ತಲ್ಲಿ ಏನಾದ್ರೂ ಕೊಡ್ತಾರಾ?"

"ಓ, ಅದಾ ಅಕ್ಕ? ಶಕ್ತಿ ಮಾತ್ರೆ!" ಎಂದಳೊಬ್ಬಳು. "ದೊಡ್ಡ ಆರ್ಡರ್ ಬಂದಾಗಿನಿಂದ ದಿನಾ ನಾಲ್ಕು ಗಂಟೆಗೆ ಒಂದೊಂದು. ತುಂಬಾ ಒಳ್ಳೇದು. ಕೈ ನೋವೇ ಗೊತ್ತಾಗಲ್ಲ."

ಶಕ್ತಿ ಮಾತ್ರೆಗೆ ಕೈ ನೋವು ಗೊತ್ತಾಗದಂತೆ ಮಾಡುವ ಶಕ್ತಿ ಎಲ್ಲಿಂದ ಬಂತು?

ಆ ಮಾತ್ರೆ ಇದ್ದದ್ದು ಸೂಪರ್‌ವೈಸರಮ್ಮನ ಬೀರುವಿನಲ್ಲಿ. ಬಿಳಿ ಡಬ್ಬಿ. ಮೇಲೆ 'ವಿಟಮಿನ್' ಎಂದು ಬರೆದ ಚೀಟಿ. ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದೆ. ಬಿ ಕಾಂಪ್ಲೆಕ್ಸ್ ಡಬ್ಬಿ ತೆರೆದರೆ ನಾಲ್ಕು ಮಾರು ದೂರಕ್ಕೆ ಗೊತ್ತಾಗುತ್ತದೆ. ಇದಕ್ಕೆ ವಾಸನೆಯೇ ಇರಲಿಲ್ಲ.

"ನಿಮ್ಮ ಬೀರು, ನಿಮ್ಮ ಕೈ," ಎಂದರು ಇನ್ಸ್‌ಪೆಕ್ಟರ್. "ನಡೀರಿ ಸ್ಟೇಷನ್ನಿಗೆ."

ಸೂಪರ್‌ವೈಸರಮ್ಮ ಅಳತೊಡಗಿದಳು. ನಾನು ಅವಳ ಕಾಲು ನೋಡುತ್ತಿದ್ದೆ. ಎರಡೂ ಪಾದ ಬಾತು, ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡಿದ್ದಳು.

"ನೀವೂ ಇದನ್ನ ತಿಂತೀರಾ?"

"ದಿನಾ ಎರಡು. ನನ್ನ ಸೊಂಟ ನೋವಿಗೆ ಒಳ್ಳೇದು ಅಂದ್ರು."

"ಬಿಪಿ ಇದೆಯಾ?"

"ಇದೆ. ಮಾತ್ರೆ ತಗೊಳ್ತೀನಿ. ಆದ್ರೂ ಈ ತಿಂಗಳು ಇಳೀತಾನೇ ಇಲ್ಲ."

"ಸಾರ್, ಇವರನ್ನ ಬಿಡಿ. ಕಾಲು ಬಾತಿರೋದೂ ಬಿಪಿ ಇಳೀದಿರೋದೂ ಇದೇ ಮಾತ್ರೆಯಿಂದ. ಇದೇನು ಅಂತ ಗೊತ್ತಿದ್ದೋರು ಇದನ್ನ ತಾವೇ ತಿನ್ನಲ್ಲ. ಡಬ್ಬಿ ತುಂಬಿಸಿ ಕೊಡೋದು ಯಾರಮ್ಮಾ?"

ಅವಳು ಉತ್ತರ ಕೊಡುವ ಮೊದಲೇ ಬಾಗಿಲಲ್ಲಿ ಮ್ಯಾನೇಜರ್ ಕಾಣಿಸಿಕೊಂಡ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದಂಥದೇ ನಗು.

"ಏನು ಸಾರ್, ಅಂಗಡಿಯಮ್ಮನ್ನ ಅರೆಸ್ಟ್ ಮಾಡೋ ಬದಲು ಇಲ್ಲಿಗೇ ಕರ್ಕೊಂಡು ಬಂದಿದ್ದೀರಲ್ಲ?"

ನನಗೆ ಈತ ಹೊಸಬನಲ್ಲ. ಎರಡು ವರ್ಷದಿಂದ ನನ್ನ ಗಿರಾಕಿ. ಇವನು ತಿಂಗಳಿಗೊಮ್ಮೆ ಏನು ಒಯ್ಯುತ್ತಾನೆಂದು ನನಗೆ ಗೊತ್ತು. ಡಬ್ಬಿಯಿಂದ ಒಂದು ಮಾತ್ರೆ ತೆಗೆದು ಅಂಗೈಯಲ್ಲಿಟ್ಟು ಚಾಚಿದೆ.

"ಬೆಳಗ್ಗಿಂದ ಓಡಾಡಿ ಸುಸ್ತಾಗಿದ್ದೀರಿ. ಒಂದು ವಿಟಮಿನ್ ತಗೊಳ್ಳಿ."

"ಅಯ್ಯೋ, ನನಗೆ ಬೇಡ."

"ವಿಟಮಿನ್ ತಾನೇ ಸಾರ್? ನಿಮ್ಮವರೆಲ್ಲ ತಿಂತಾರೆ."

"ನನಗಾಗಲ್ಲಮ್ಮ. ಹೊಟ್ಟೆ ಹುಣ್ಣಿದೆ. ಇಂಥದ್ದನ್ನೆಲ್ಲ ಮುಟ್ಟಲೇಬೇಡ ಅಂದಿದ್ದಾರೆ ಡಾಕ್ಟ್ರು."

ಮೂವತ್ತೊಂದು ಹೆಂಗಸರ ಮುಂದೆ ಅವನು ಹೇಳಿದ ಮಾತು ಅದು. ತಾನು ಏನು ಹೇಳಿದೆ ಎಂದು ಅವನಿಗೆ ಹೊಳೆಯುತ್ತಿದ್ದಂತೆ ನಗು ಮುದುಡಿತು.

"ಹೊಟ್ಟೆ ಹುಣ್ಣಿರೋರು ಮುಟ್ಟಬಾರದ್ದು ವಿಟಮಿನ್ ಅಲ್ಲ," ಎಂದೆ. "ನೋವಿನ ಮಾತ್ರೆ. ಅದು ನಿಮಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಆಂಬುಲೆನ್ಸಿಗಿಂತ ಮುಂಚೆ ಪೊಲೀಸರಿಗೆ ಫೋನ್ ಮಾಡಿ ನನ್ನ ಮೇಲೆ ಹಾಕಿದ್ರಿ."

ಇನ್ಸ್‌ಪೆಕ್ಟರ್ ಅವನ ಕೋಣೆಗೆ ನಡೆದರು. ಮೇಜಿನ ಕೆಳಗಿನ ಖಾನೆಯಲ್ಲಿ ಎರಡು ದೊಡ್ಡ ಡಬ್ಬಿಗಳು ಸಿಕ್ಕವು. ಒಂದರ ಲೇಬಲ್ ಕಿತ್ತಿತ್ತು. ಇನ್ನೊಂದರದು ಅರ್ಧ ಉಳಿದಿತ್ತು. ಡಾಕ್ಟರ ಚೀಟಿಯಿಲ್ಲದೆ ಮಾರಬಾರದು ಎಂಬ ಸಾಲು ಆ ಅರ್ಧದಲ್ಲೇ ಇತ್ತು.

* * *

"ನಾನೇನು ಕೊಲೆ ಮಾಡೋಕೆ ಹೊರಟಿದ್ನಾ?" ಎಂದು, ಇನ್ಸ್‌ಪೆಕ್ಟರ್ ಡಬ್ಬಿಗಳನ್ನು ಹೆಂಗಸರ ಮುಂದೆ ತಂದಿಡುತ್ತಲೇ ಮ್ಯಾನೇಜರ್ ಕೂಗಾಡಿದ. "ಕೈ ನೋವು ಅಂತ ದಿನಾ ನಾಲ್ಕು ಜನ ರಜೆ ಹಾಕ್ತಿದ್ರು. ಮಾತ್ರೆ ಕೊಟ್ಟೆ, ನೋವು ಹೋಯ್ತು, ಕೆಲಸ ಆಯ್ತು. ಎಲ್ಲರಿಗೂ ಒಳ್ಳೇದೇ ಆಯ್ತಲ್ಲ!"

"ಇವತ್ತು ಬೆಳಗ್ಗೆ ಚಿಟಿಕೆ ರಜೆ ಕೇಳಿದ್ಲು," ಎಂದಳು ಸೂಪರ್‌ವೈಸರಮ್ಮ, ಕಣ್ಣೊರೆಸಿಕೊಂಡು. "ಮಲ ಕಪ್ಪಗೆ ಹೋಯ್ತು, ಅಕ್ಕ ಹೇಳಿದ್ದಾರೆ, ತಕ್ಷಣ ಡಾಕ್ಟರ ಹತ್ರ ಹೋಗ್ಬೇಕು ಅಂದ್ಲು. ಆರ್ಡರಿನ ಲಾರಿ ತುಂಬಿದ ಮೇಲೆ ಹೋಗು ಅಂದಿದ್ದು ಇವರೇ."

ನಾನು ಕೂಗಲಿಲ್ಲ. ಕೂಗಿದ್ದರೆ ಅತ್ತುಬಿಡುತ್ತಿದ್ದೆ. ಇನ್ಸ್‌ಪೆಕ್ಟರಿಗೆ ಬಿಡಿಸಿ ಹೇಳಿದೆ.

"ಮೂರು ವಾರ ಈ ಮಾತ್ರೆ ಅವಳ ಹೊಟ್ಟೆ ಒಳಪದರ ಕೆರೆದಿದೆ ಸಾರ್. ಅದು ಗೊತ್ತಿಲ್ಲದೆ ಡಾಕ್ಟರು ಅದೇ ಜಾತಿಯ ಇನ್ನೊಂದು ಮಾತ್ರೆ ಬರೆದ್ರು, ನಾನು ಕೊಟ್ಟೆ. ಹೊಟ್ಟೆ ಕಾಪಾಡೋ ಮಾತ್ರೆಯಿಂದಲೂ ತಡೆಯೋಕಾಗ್ಲಿಲ್ಲ. ಬೇರೆ ಔಷಧಿ ತಗೊಳ್ತೀಯಾ ಅಂತ ಕೇಳಿದ್ದೆ. ಇಲ್ಲ ಅಂದ್ಲು. ಸುಳ್ಳು ಹೇಳಿಲ್ಲ. ಅವಳ ಲೆಕ್ಕದಲ್ಲಿ ಶಕ್ತಿ ಮಾತ್ರೆ ಔಷಧೀನೇ ಅಲ್ಲ."

ಆಮೇಲೆ ಹೆಂಗಸರ ಕಡೆ ತಿರುಗಿದೆ.

"ಬಿಪಿ ಇರೋರು, ಕಿಡ್ನಿ ತೊಂದರೆ ಇರೋರು, ಹೃದಯದ ತೊಂದರೆ ಇರೋರು, ರಕ್ತ ತೆಳುಮಾಡೋ ಮಾತ್ರೆ ತಿನ್ನೋರು, ಉಬ್ಬಸ ಇರೋರು, ಹೊಟ್ಟೆ ಹುಣ್ಣು ಆಗಿದ್ದೋರು ಕೈ ಎತ್ತಿ."

ಒಂಬತ್ತು ಕೈ ಎದ್ದವು.

"ಬಸುರಿ ಯಾರಾದ್ರೂ?"

ಎರಡನೇ ಸಾಲಿನಲ್ಲಿ ಒಂದು ಕೈ ಮೆಲ್ಲಗೆ ಎದ್ದಿತು. "ಏಳನೇ ತಿಂಗಳು ಅಕ್ಕ. ದಿನಾ ತಿಂದಿದ್ದೀನಿ."

ಇನ್ಸ್‌ಪೆಕ್ಟರ್ ಮ್ಯಾನೇಜರನ ತೋಳು ಹಿಡಿದರು. ಆ ಹುಡುಗಿಯನ್ನೂ ಕೈ ಎತ್ತಿದ ಉಳಿದವರನ್ನೂ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಕಳಿಸಿದೆವು. ಲಾರಿ ಅರ್ಧ ಖಾಲಿಯೇ ನಿಂತಿತ್ತು.

ಐದು ಗಂಟೆಗೆ ಔಷಧ ಇಲಾಖೆಯವರು ಬೀಗ ಹಿಡಿದು ಬಂದರು. ನನ್ನ ಅಂಗಡಿಯ ಬಾಗಿಲಲ್ಲಿ ಇನ್ಸ್‌ಪೆಕ್ಟರ್ ನಿಂತಿದ್ದರು. "ಆ ಬೀಗ ಹಾಕೋ ಜಾಗ ಬೇರೆ ಇದೆ. ಬನ್ನಿ, ತೋರಿಸ್ತೀನಿ," ಎಂದರು.

* * *

ಒಂದು ತಿಂಗಳ ನಂತರ ಚಿಟಿಕೆ ಬಂದಳು. ತೆಳ್ಳಗಾಗಿದ್ದಳು, ಕಣ್ಣು ಮಾತ್ರ ಹಾಗೇ ಚುರುಕು. ಬಸುರಿ ಹುಡುಗಿ, ಹೊಟ್ಟೆಯಲ್ಲಿನ ಮಗು ಇಬ್ಬರೂ ಕ್ಷೇಮವೆಂದು ಅವಳೇ ಮೊದಲು ಹೇಳಿದಳು.

ಅವಳ ಚೀಟಿ ಕೈಗೆ ತೆಗೆದುಕೊಂಡು ಕೇಳಿದೆ. ಈಗ ನಾನು ಔಷಧಿಯೆಂಬ ಪದವನ್ನೇ ಬಳಸುವುದಿಲ್ಲ. ಇಪ್ಪತ್ತಾರು ವರ್ಷದ ಪ್ರಶ್ನೆಯನ್ನು ತಿದ್ದಿಕೊಂಡಿದ್ದೇನೆ.

"ಇದರ ಜೊತೆ ಬಾಯಿಗೆ ಇನ್ನೇನೇನು ಹಾಕ್ಕೊಳ್ತೀಯಾ? ಮಾತ್ರೆ, ಪುಡಿ, ಟಾನಿಕ್ಕು, ಯಾರೋ ಕೊಟ್ಟಿದ್ದು, ಎಲ್ಲಾ ಹೇಳು."

"ಏನೂ ಇಲ್ಲ ಅಕ್ಕ. ಕೊಟ್ರೂ ಚೀಟಿ ತೋರ್ಸಿ ಅಂತೀನಿ. ಹೊಲಿಗೆ ಹಾಲಲ್ಲಿ ಎಲ್ಲರಿಗೂ ಕಲಿಸಿದ್ದೀನಿ." ಹೊಸ ಚೀಲ ಮುಂದೆ ಚಾಚಿದಳು. ಅಂಚು ಖಾಲಿಯಿತ್ತು. "ಹಳೇದು ನಿಮ್ಮ ಹತ್ರ ಇದೆಯಾ?"

"ಇಲ್ಲ ಕಣೇ. ಕೋರ್ಟಲ್ಲಿದೆ. ಅದೇ ಮುಖ್ಯ ಸಾಕ್ಷಿ. ಮ್ಯಾನೇಜರ್ ಜಾಮೀನು ಕೇಳಿದ ದಿನ ನ್ಯಾಯಾಧೀಶರು ಕನ್ನಡಕ ಹಾಕ್ಕೊಂಡು ಒಂದೊಂದೇ ಹೊಲಿಗೆ ಎಣಿಸಿದ್ರು."

ಅವಳು ಸೆಟೆದು ನಿಂತಳು. ಗಲ್ಲ ಮೇಲೆದ್ದಿತು.

"ಅಷ್ಟು ಜನ ಎಳೆದಾಡಿದ್ರಲ್ಲ ಅಕ್ಕ, ಒಂದಾದ್ರೂ ಬಿಚ್ಚಿತಾ?"

"ಒಂದೂ ಬಿಚ್ಚಿಲ್ಲ," ಎಂದೆ.